ಹಾಲೇಶಪ್ಪ ಮೇಷ್ಟ್ರ ಹೆದರಿಕೆ

ಕಂಪ್ಯೂಟರಿನ ಎಂಟರ್ ಕೀ ಒತ್ತುವ ಮುಂಚೆ ಹಾಲೇಶಪ್ಪ ಮೇಷ್ಟ್ರು ಬಲಗೈಯನ್ನು ಎಡ ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಕಳ್ಳನ ಕೈ ಹಿಡಿದು ನಿಲ್ಲಿಸಿದ ಹಾಗೆ. ಹಾಗೇ ಹಿಡಿದುಕೊಂಡು, ತಾವೇ ಬರೆದ ಸಾಲುಗಳನ್ನು ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಓದುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ. ಆಮೇಲೆ ಕೈ ಬಿಡಿಸಿ, ಒಂದು ಬೆರಳಿನಿಂದ ಒತ್ತಿ, ಕಾದ ಪಾತ್ರೆ ಮುಟ್ಟಿದವರಂತೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

"ಒತ್ತೋಕೆ ಮುಂಚೆ ಹೆದರ್ಬೇಕು ಸಿಸ್ಟರ್. ಒತ್ತಿದ ಮೇಲೆ ಹೆದರಿ ಏನು ಬಂತು?" ಎನ್ನುತ್ತಿದ್ದರು.

ಮೊದಮೊದಲು ನನಗೆ ಒಳಗೊಳಗೇ ನಗು. ನರ್ಸಿಂಗ್ ಶಾಲೆಯಲ್ಲಿ ನಮಗೆ ಕಲಿಸಿದ್ದೇ ಕೈ ನಡುಗಬಾರದು ಎಂದು. ಹಾಸಿಗೆಯ ಮೂಲೆ ಮಡಚುವುದಕ್ಕೆ ಒಂದು ಕ್ರಮ, ತಟ್ಟೆಯಲ್ಲಿ ಸೂಜಿ ಇಡುವುದಕ್ಕೆ ಒಂದು ಕ್ರಮ. ಕ್ರಮ ತಪ್ಪದವರು ಹೆದರಬೇಕಾಗಿಲ್ಲ ಎಂದು ನಂಬಿ ಸರ್ಕಾರಿ ಆಸ್ಪತ್ರೆಗಳಲ್ಲಿ ನೌಕರಿ ಮುಗಿಸಿದವಳು ನಾನು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾಗದೆ ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಸಣ್ಣ ಕ್ಲಿನಿಕ್ಕಿಗೆ ಸೇರಿಕೊಂಡೆ. ಕೆಲವು ಮಂಚ, ಒಬ್ಬ ಡಾಕ್ಟರು, ನಾನು. ಇಷ್ಟೇ ಆಸ್ಪತ್ರೆ.

ತೊಂಬತ್ತೆಂಟರಲ್ಲಿ ಡಾಕ್ಟರು ಕಂಪ್ಯೂಟರ್ ತಂದರು. ಅವರ ಅಕ್ಷರ ಔಷಧದಂಗಡಿಯವರಿಗೂ ಓದಲು ಬರುತ್ತಿರಲಿಲ್ಲ; ಇನ್ನು ಮೇಲೆ ಚೀಟಿಗಳು ಅಚ್ಚಾಗಿ ಬರಲಿ ಎಂಬುದು ಅವರ ಆಸೆ. ಆ ಕೆಲಸಕ್ಕೆ ಬಂದವರೇ ಹಾಲೇಶಪ್ಪ. ಸೊರಬದ ಕಡೆ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು, ಡಾಕ್ಟರ ಹಳೆಯ ಸ್ನೇಹಿತರು. ಶನಿವಾರ ತರಗತಿ ಮುಗಿಸಿ, ಇಲ್ಲವೇ ರಜೆಯ ದಿನ, ಬಸ್ಸಿನಲ್ಲಿ ಬರುತ್ತಿದ್ದರು. ಯಾವುದೋ ಇಂಗ್ಲಿಷ್ ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿಯಲ್ಲಿ ಅವರಿಗೆ ಪೈಥಾನ್ ಎಂಬ ಹೊಸ ಭಾಷೆ ಸಿಕ್ಕಿತ್ತು. ಅದರಲ್ಲೇ ಚೀಟಿಯ ಪ್ರೋಗ್ರಾಮ್ ಬರೆದರು.

ಹೆಬ್ಬಾವು ಸಾಕಿದ್ದೀರಲ್ಲ, ಕಚ್ಚುವುದಿಲ್ಲ ತಾನೇ ಎಂದು ಡಾಕ್ಟರು ತಮಾಷೆ ಮಾಡಿದರು.

"ಹೆಬ್ಬಾವು ಕಚ್ಚಲ್ರೀ ಡಾಕ್ಟ್ರೇ, ಸುತ್ಕೊಳ್ತೈತೆ" ಎಂದರು ಮೇಷ್ಟ್ರು. ನಗಲಿಲ್ಲ. "ಸುತ್ಕೊಂಡಿದ್ದು ಮೊದಮೊದ್ಲು ಗೊತ್ತೇ ಆಗಲ್ಲ."

ಅವರದು ಒಂದು ಷರತ್ತು. ಯಂತ್ರ ಮುಟ್ಟುವವರು ಒಳಗೆ ಏನು ನಡೆಯುತ್ತದೆಂದು ತಿಳಿದಿರಬೇಕು. ಡಾಕ್ಟರಿಗೆ ಪುರುಸೊತ್ತಿಲ್ಲ. ಹೀಗಾಗಿ ಮಧ್ಯಾಹ್ನ ಕ್ಲಿನಿಕ್ಕಿನ ಬಾಗಿಲು ಮುಚ್ಚಿದ ಮೇಲೆ, ತಲೆ ನರೆತ ನಾನು ಅವರ ವಿದ್ಯಾರ್ಥಿನಿಯಾದೆ. ಕೈ ತೊಳೆದು, ಕುರ್ಚಿ ನೆಟ್ಟಗೆ ಮಾಡಿ ಕೂತುಕೊಳ್ಳುತ್ತಿದ್ದೆ. ನನಗೆ ಹೆದರಿಕೆಯಾಗುತ್ತಿತ್ತು ಎಂದು ಈಗ ಹೇಳಬಹುದು, ಆಗ ಹೇಳುತ್ತಿರಲಿಲ್ಲ.

ನನ್ನ ಮೊದಲ ಜಗಳ ಸೊನ್ನೆಯ ಮೇಲೆ. ಪಟ್ಟಿಯ ಮೊದಲನೆಯದನ್ನು ಈ ಭಾಷೆ ಸೊನ್ನೆ ಎಂದು ಕರೆಯುತ್ತದೆ. ಮೊದಲ ಮಂಚವನ್ನು ಸೊನ್ನೆ ಎಂದರೆ ಎರಡನೆಯ ಮಂಚದವರಿಗೆ ಸೂಜಿ ಚುಚ್ಚಿ ಕೂತೇನು ಎಂದೆ. ಅವರು ರಸ್ತೆಯ ಕಿಲೋಮೀಟರ್ ಕಲ್ಲಿನ ಉದಾಹರಣೆ ಕೊಟ್ಟರು. ಊರು ಬಿಟ್ಟ ಜಾಗ ಸೊನ್ನೆ. ಅಲ್ಲಿಂದ ಎಷ್ಟು ದೂರ ಬಂದೆವು ಎಂದು ಎಣಿಸುವುದೇ ಹೊರತು ಎಷ್ಟನೆಯ ಕಲ್ಲು ಎಂದಲ್ಲ. ಅದು ತಲೆಗೆ ಹತ್ತಿತು. ಸಾಲುಗಳನ್ನು ಅಂಚಿನಿಂದ ಒಂದೇ ಅಳತೆಯಲ್ಲಿ ಒಳಗೆ ಸರಿಸಿ ಬರೆಯದಿದ್ದರೆ ಈ ಭಾಷೆ ಕೆಲಸವನ್ನೇ ಮಾಡುವುದಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ನನಗೂ ಅದಕ್ಕೂ ಬಹಳ ಹೊಂದಿಕೆ.

ಆಮೇಲೆ ವರ್ಗ, ವಸ್ತು. ರೋಗಿ ಎಂದ ಮೇಲೆ ಹೆಸರು, ವಯಸ್ಸು, ಜ್ವರ, ಔಷಧಿ ಇರಬೇಕು ಎಂದು ಬರೆದಿಡುವುದು ವರ್ಗ. ಮಂಚದ ಮೇಲೆ ಮಲಗಿ ನರಳುವ ಒಬ್ಬೊಬ್ಬರೂ ವಸ್ತು. ಅಷ್ಟು ಅರ್ಥವಾಯಿತು. ಆದರೆ ರೋಗಿಯ ಬಗ್ಗೆ ಬರೆದ ಪ್ರತಿಯೊಂದು ಕೆಲಸದ ಮೊದಲಿಗೂ 'ಸೆಲ್ಫ್' ಎಂದು ಏಕೆ ಬರೆಯಬೇಕು? ಅದಕ್ಕೇ ಗೊತ್ತಾಗುವುದಿಲ್ಲವೇ?

"ನೀವು ಮಾತ್ರೆ ಕೊಡೋ ಮುಂಚೆ ಎಲ್ಲಾರ ಬಾಯಲ್ಲೂ ಹೆಸರು ಹೇಳಿಸ್ತೀರಲ್ಲ, ಯಾಕ್ರೀ?"

ತಪ್ಪಬಾರದು ಅಂತ ಎಂದೆ.

"ಇದೂ ಹಂಗೇ. ಯಾರ ಜ್ವರ ಅಂತ ಹೇಳ್ದೇ ಜ್ವರ ಬರೀಬಾರ್ದು."

ಇಷ್ಟು ಹೆದರುವುದನ್ನು ಎಲ್ಲಿ ಕಲಿತಿರಿ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವರು ಹುಡುಗರಾಗಿದ್ದಾಗ ಅವರ ಮನೆ ಕ್ಯಾಸನೂರು ಕಾಡಿನ ಅಂಚಿನಲ್ಲಿತ್ತಂತೆ. ಮಂಗನ ಕಾಯಿಲೆಗೆ ಇನ್ನೂ ಹೆಸರಿರದ ಕಾಲ. ಒಂದು ಬೆಳಿಗ್ಗೆ ಅವರ ಅಪ್ಪ ಮತ್ತು ಪಕ್ಕದ ಮನೆಯವರು ಸೊಪ್ಪಿಗೆಂದು ಹೊರಟಾಗ ದಾರಿಯಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಅಪ್ಪ ಅಲ್ಲೇ ನಿಂತು, ಯಾಕೋ ಸರಿ ಕಾಣುವುದಿಲ್ಲ ಎಂದು ಹಿಂದಿರುಗಿದರು. ಪಕ್ಕದ ಮನೆಯವರು ನಗುತ್ತಾ ದಾಟಿ ಹೋದರು. ಸತ್ತ ಮಂಗನ ಮೈಯಿಂದ ಇಳಿಯುವ ಉಣುಗು ಹುಳ ಕಚ್ಚಿದರೆ ಜ್ವರ ಬರುತ್ತದೆ ಎಂದು ಆಗ ಯಾರಿಗೆ ಗೊತ್ತು?

"ಅಪ್ಪಯ್ಯನಿಗೂ ಏನೂ ಗೊತ್ತಿರ್ಲಿಲ್ಲ ಸಿಸ್ಟರ್. ಬರೀ ಹೆದರಿದ್ದ. ನಾವು ಉಳಿದ್ವಿ" ಎಂದು ಹೇಳಿ, ಕಂಕುಳಿನಿಂದ ಕೈ ತೆಗೆದು ಎಂಟರ್ ಒತ್ತಿದರು.

ಕಂಪ್ಯೂಟರ್ ಬಂದ ವರ್ಷದ ಮಳೆಗಾಲ ಹಿಡಿದ ಹೊಸತು. ಅಂಬ್ಲಿಗೊಳದ ಕಡೆಯ ಒಂದು ಮನೆಯಿಂದ ಇಬ್ಬರು ವಾರಗಿತ್ತಿಯರು ಒಂದೇ ಗಾಡಿಯಲ್ಲಿ ಬಂದು ಮಲಗಿದರು. ಹಿರಿಯಾಕೆ ಗೌರಮ್ಮ, ಕಿರಿಯಾಕೆ ರೇಣುಕಾ. ಇಬ್ಬರಿಗೂ ಒಂದೇ ತರಹದ ಜ್ವರ. ರೇಣುಕಾಳಿಗೆ ಮದುವೆಯಾಗಿ ಬಹಳ ವರ್ಷವಾಗಿತ್ತು. ಹರಕೆ, ಔಷಧಿ ಎಲ್ಲ ಆಗಿ ಈಗ ಬಸಿರು ನಿಂತಿತ್ತು. ಅದು ನನಗೆ ತಿಳಿದದ್ದು ಅಂದು ಸಂಜೆ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದು, ಕಣ್ಣು ತಾಗುತ್ತದೆ ಎಂಬುದು ಅವರ ಮನೆಯ ಪದ್ಧತಿ. ವಾರಗಿತ್ತಿಗೂ ಹೇಳಿರಲಿಲ್ಲ. ಪರೀಕ್ಷೆ ಮಾಡುವಾಗ ಡಾಕ್ಟರ ಕಿವಿಗೆ ಮಾತ್ರ ಹಾಕಿದ್ದಳು.

ಡಾಕ್ಟರು ಗೌರಮ್ಮನ ಔಷಧಿಗಳನ್ನು ಕಂಪ್ಯೂಟರಿಗೆ ಬರೆದರು. ಎರಡೆರಡು ಸಲ ಬರೆಯುವ ಬೇಸರಕ್ಕೆ ಮೇಷ್ಟ್ರು ಒಂದು ಅನುಕೂಲ ಮಾಡಿಕೊಟ್ಟಿದ್ದರು. ಇಂಗ್ಲಿಷ್ ಅಕ್ಷರದಲ್ಲಿ 'ಅದೇ' ಎಂದು ಒತ್ತಿದರೆ ಹಿಂದಿನವರ ಔಷಧಿಯೇ ಮುಂದಿನವರಿಗೂ ಬರುತ್ತಿತ್ತು. ರೇಣುಕಾಳಿಗೆ 'ಅದೇ' ಆಯಿತು. ಆಮೇಲೆ ಡಾಕ್ಟರು ಗೌರಮ್ಮನ ಊದಿದ ಕೀಲುಗಳನ್ನು ಮತ್ತೊಮ್ಮೆ ನೋಡಿ, ಅದಕ್ಕೊಂದು ಮಾತ್ರೆಯನ್ನು ಅವಳ ಹೆಸರಿಗೆ ಸೇರಿಸಿದರು. ಮಕ್ಕಳು ಸಾಕೆಂದು ಆಪರೇಷನ್ ಆದವಳು, ಅವಳಿಗೆ ತೊಂದರೆಯಿಲ್ಲ. ಬಸುರಿಯರು ನುಂಗಿದರೆ ಗರ್ಭ ಉಳಿಯದಂಥ ಮಾತ್ರೆ ಅದು. ಸೇರಿಸಿ, ಶಿವಮೊಗ್ಗದಲ್ಲಿ ಕೆಲಸವಿದೆಯೆಂದು ಹೊರಟುಹೋದರು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮೇಷ್ಟ್ರು ಚಹಾ ಕುಡಿಯಲು ಬಸ್ ಸ್ಟ್ಯಾಂಡಿಗೆ ಹೋದರು. ನಾನು ಮದ್ದಿನ ಕೋಣೆಯಲ್ಲಿದ್ದೆ; ಈ ಯಾವುದನ್ನೂ ನೋಡಿರಲಿಲ್ಲ.

ಬಂದು ಎರಡೂ ಚೀಟಿ ಅಚ್ಚು ಹಾಕಿಸಿದೆ. ಚೀಟಿಯಲ್ಲಿದ್ದಂತೆ ಎರಡು ಬಟ್ಟಲಲ್ಲಿ ಮಾತ್ರೆ ಎಣಿಸಿಟ್ಟೆ. ಗೌರಮ್ಮನಿಗೆ ಕೊಟ್ಟು ರೇಣುಕಾಳ ಮಂಚಕ್ಕೆ ಬಂದೆ. ಹೆಸರು ಹೇಳು ಎಂದೆ, ಹೇಳಿದಳು. ಗಂಡನ ಹೆಸರು ಕೇಳಿದಾಗ ಸೆರಗು ಬಾಯಿಗೆ ಹಿಡಿದಳು.

"ನಮ್ಮ ಮೈದುನ ಶೇಖರಪ್ಪ ರೀ. ಇವಳ ಬಾಯಲ್ಲಿ ಹೇಳಿಸ್ಬೇಕಂದ್ರೆ ನೀವು ಇನ್ನೊಂದು ಮದುವಿ ಮಾಡ್ಸಿ ಒಡಪು ಕೇಳ್ಬೇಕು" ಎಂದು ಗೌರಮ್ಮ ಆ ಮಂಚದಿಂದ ನಕ್ಕಳು.

ಮಾತ್ರೆಗಳನ್ನು ರೇಣುಕಾಳ ಅಂಗೈಗೆ ಸುರಿದೆ. ಅವಳು ಅವನ್ನು ನೋಡಿದಳು, ನನ್ನನ್ನು ನೋಡಿದಳು, ವಾರಗಿತ್ತಿಯ ಕಡೆ ನೋಡಿದಳು. ಕೇಳಬೇಕಾದ ಒಂದು ಮಾತು ಅವಳಲ್ಲಿತ್ತು. ಅದನ್ನು ಗೌರಮ್ಮನೆದುರು ಕೇಳುವ ಹಾಗಿರಲಿಲ್ಲ.

"ಇಷ್ಟೂ ನಂಗೇನ್ರೀ?"

ಚೀಟಿಯಲ್ಲಿದ್ದಷ್ಟೇ ಇದೆ, ನುಂಗು ಎಂದು ನೀರಿನ ಲೋಟ ಮುಂದೆ ಮಾಡಿದೆ. ಅವಳು ಕೈ ಮೇಲೆತ್ತಿದಳು.

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅಂಗಿಯ ಮೇಲೆಲ್ಲ ಚಹಾ ಚೆಲ್ಲಿತ್ತು. ಉಸಿರು ಸಿಗುತ್ತಿರಲಿಲ್ಲ. ಕೂಗಲೂ ಆಗದೆ, ಗುಟ್ಟು ಹೇಳುವಂತೆ ಹೇಳಿದರು: "ಕೊಡಬ್ಯಾಡ್ರೀ."

ಪರಿಚಯವಿಲ್ಲದ ಹೆಂಗಸರನ್ನು ಕಣ್ಣೆತ್ತಿ ನೋಡದ ಆ ಮನುಷ್ಯ ನೇರ ಬಂದು ಅವಳ ಅಂಗೈಯಿಂದ ಮಾತ್ರೆಗಳನ್ನು ತಾವೇ ಬಾಚಿಕೊಂಡರು. ಒಂದು ಮಂಚದಡಿ ಉರುಳಿತು. ಮಂಡಿಯೂರಿ ಅದನ್ನೂ ಹುಡುಕಿ ತೆಗೆದರು. ಆಮೇಲೆ ನನ್ನ ಕೈಲಿದ್ದ ಎರಡೂ ಚೀಟಿಗಳನ್ನು ಪಕ್ಕಪಕ್ಕ ಹಿಡಿದರು. ಡಾಕ್ಟರು ಕೊನೆಯ ಸಾಲು ಸೇರಿಸಿದ್ದು ದೊಡ್ಡಾಕೆಗೆ ಮಾತ್ರ, ಆಗ ತಾವು ಪಕ್ಕದಲ್ಲೇ ಇದ್ದುದಾಗಿ ಹೇಳಿದರು. ಆ ಸಾಲು ಎರಡರಲ್ಲೂ ಇತ್ತು.

ನಡೆದದ್ದು ಇದು. ಹೋಟೆಲಿನಲ್ಲಿ ಯಾರೋ ಇಬ್ಬರು ಬೈ ಟೂ ಚಹಾ ಹೇಳಿದರಂತೆ. ಹೋಟೆಲಿನವನು ಒಂದು ಚಹಾವನ್ನು ಎರಡು ಲೋಟಕ್ಕೆ ಹಂಚುವುದನ್ನು ಮೇಷ್ಟ್ರು ಸುಮ್ಮನೆ ನೋಡುತ್ತಿದ್ದರು.

"ಅವ್ನು ಎರಡು ಲೋಟ ಮಾಡ್ದ ಸಿಸ್ಟರ್. ನಾ ಮಾಡಿಲ್ಲ. ಒಂದೇ ಲೋಟ ಇಟ್ಟು, ಇದು ಗೌರಮ್ಮಂದು, ಇದೇ ರೇಣುಕಾಂದು ಅಂತ ಎರಡು ಹೆಸರು ಕರೆದೀನಿ ಅಷ್ಟೇ. ಒಬ್ರ ಲೋಟಕ್ಕೆ ಏನು ಹಾಕಿದ್ರೂ ಇನ್ನೊಬ್ರೂ ಅದನ್ನೇ ಕುಡೀಬೇಕು."

ಈ ಭಾಷೆ ಕಲಿಯುವ ಎಲ್ಲರೂ ಒಂದಲ್ಲ ಒಂದು ದಿನ ಎಡವುವ ಕಲ್ಲಂತೆ ಅದು. ಎರಡು ಹೆಸರುಗಳ ನಡುವೆ ಸಮ ಚಿಹ್ನೆ ಹಾಕಿದರೆ ಹೊಸ ಪಟ್ಟಿ ಹುಟ್ಟುವುದಿಲ್ಲ, ಹಳೆಯದಕ್ಕೇ ಇನ್ನೊಂದು ಹೆಸರು ಬೀಳುತ್ತದೆ. ಪುಸ್ತಕದಲ್ಲಿ ಓದಿದ್ದೆ ಎಂದರು ಮೇಷ್ಟ್ರು. ಓದಿದ್ದು ನೆನಪಾದದ್ದು ಲೋಟ ನೋಡಿದ ಮೇಲೆ.

ಸಂಜೆ ಡಾಕ್ಟರು ಬಂದರು. ನಾನು ಎಲ್ಲವನ್ನೂ ಕ್ರಮವಾಗಿ ವರದಿ ಮಾಡಿದೆ. ಅವರು ಬಾಗಿಲು ಹಾಕಿ, ಕೂತು, ಕುಡಿಯಲು ನೀರು ಕೇಳಿದರು. ಆಮೇಲೆ ರೇಣುಕಾಳ ಬಸಿರಿನ ವಿಷಯ ಹೇಳಿದರು. ಮೇಷ್ಟ್ರು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ.

"ನಂಗೆ ಗೊತ್ತಿರ್ಲಿಲ್ಲ" ಎಂದರು. "ಗೊತ್ತಿದ್ದಿದ್ರೆ ಓಡೋಕೆ ಕಾಲೇ ಬರ್ತಿರ್ಲಿಲ್ಲ."

ಮರುದಿನ ಬೆಳಿಗ್ಗೆ ತಟ್ಟೆ ಹಿಡಿದಾಗ ನನ್ನ ಕೈ ನಡುಗಿತು. ಜೀವಮಾನದಲ್ಲಿ ಮೊದಲ ಸಲ. ಹಿಂದಿನ ದಿನವನ್ನು ಎಷ್ಟು ಸಲ ತಿರುವಿ ಹಾಕಿದರೂ ನಾನು ತಪ್ಪಿದ ಜಾಗ ಸಿಗುತ್ತಿರಲಿಲ್ಲ. ಹೆಸರು ಸರಿ, ಚೀಟಿ ಸರಿ, ಎಣಿಕೆ ಸರಿ. ತಪ್ಪಿದ್ದರೆ ತಿದ್ದಿಕೊಂಡು ಧೈರ್ಯ ತಂದುಕೊಳ್ಳುತ್ತಿದ್ದೆ. ಏನೂ ತಪ್ಪದೆ ಒಂದು ಜೀವವನ್ನು ಅಳಿಸಲು ಕೈ ಚಾಚಿದ್ದೆ ಎಂಬುದಕ್ಕೆ ನನ್ನ ಶಾಲೆಯಲ್ಲಿ ಯಾವ ಕ್ರಮವನ್ನೂ ಕಲಿಸಿರಲಿಲ್ಲ.

ಮೇಷ್ಟ್ರು 'ಅದೇ' ಎಂಬುದನ್ನು ತಿದ್ದಿ, ಪಟ್ಟಿಯ ನಕಲು ತೆಗೆಯುವಂತೆ ಮಾಡಿದರು. ಮುಂದಿನ ಶನಿವಾರ ಇನ್ನೂ ಬಿಳಿಚಿಕೊಂಡು ಬಂದರು. ನಕಲು ಮಾಡಿದರೂ ಪಟ್ಟಿಯೆಂಬ ಹೊರಗಿನ ಬುಟ್ಟಿ ಮಾತ್ರ ಬೇರೆಯಾಗುತ್ತದೆ, ಒಳಗಿನ ಮಾತ್ರೆಯ ಪೊಟ್ಟಣಗಳು ಹಳೆಯವೇ ಇರುತ್ತವೆ. ಒಬ್ಬರ ಮಾತ್ರೆಯ ಹೊತ್ತು ಬದಲಿಸಿದರೆ ಇನ್ನೊಬ್ಬರದೂ ಬದಲಾಗುತ್ತದೆ ಎಂದರು. ವಾರವಿಡೀ ನಿದ್ದೆಗೆಟ್ಟು ಅದನ್ನು ಪತ್ತೆ ಮಾಡಿದ್ದರು. ಅದನ್ನೂ ತಿದ್ದಿದರು. ಕೊನೆಗೆ 'ಅದೇ' ಎಂಬುದನ್ನೇ ಕಿತ್ತು ಹಾಕಿದರು. ಬೆರಳು ನೋಯಲಿ, ಎರಡು ಸಲ ಬರೆಯಿರಿ ಎಂದು ಡಾಕ್ಟರಿಗೆ ಹೇಳಿದರು.

ತೊಂಬತ್ತೊಂಬತ್ತರ ಕೊನೆಗೆ, ಹೊಸ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಡಾಕ್ಟರಿಗೂ ದಿಗಿಲು. ಮೇಷ್ಟ್ರು ಮಾತ್ರ ನಿರಾಳವಾಗಿದ್ದರು. "ಎಲ್ಲಾರೂ ಹೆದ್ರಿದಾರಲ್ಲ ಸಿಸ್ಟರ್, ಇನ್ನು ನಂಗೇನು ಕೆಲ್ಸ?" ಎಂದರು. ಅವರಿಗೆ ದೂರದ ಊರಿಗೆ ವರ್ಗವಾಗಿತ್ತು. ಹೇಳಿ ಹೋಗಲು ಬಂದಿದ್ದರು. ಅಲ್ಲಿಗೆ ಹೋದ ಎರಡನೆಯ ವರ್ಷ ಪಾಠ ಮಾಡುತ್ತಿರುವಾಗಲೇ ಕುಸಿದು ತೀರಿಕೊಂಡರಂತೆ. ಉಳವಿ ಬಸ್ಸಿನಲ್ಲಿ ಬಂದ ಯಾರೋ ಹೇಳಿದ್ದರಿಂದ ತಿಳಿಯಿತು. ಹೀಗಾಗಿ ನಾನು ಅವರನ್ನು ಕೊನೆಯ ಬಾರಿ ಕಂಡದ್ದು ಅವರು ಹೇಳಿ ಹೋಗಲು ಬಂದ ಆ ದಿನವೇ.

ಅವರನ್ನು ಬಸ್ಸು ಹತ್ತಿಸಲು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಅಲ್ಲಿ ರೇಣುಕಾ, ಕಂಕುಳಲ್ಲಿ ಮಗು, ಜೊತೆಗೆ ಅತ್ತೆ. ಅವಳು ನನ್ನನ್ನು ಗುರುತು ಹಿಡಿದಳು. ಮೇಷ್ಟ್ರನ್ನೂ ಗುರುತಿಸಿದಳು, ಮಾತ್ರೆ ಕಿತ್ತುಕೊಂಡವರು ಎಂದು ಅತ್ತೆಗೆ ತೋರಿಸಿದಳು. ಮಗುವಿನ ಹೆಸರು ಕೇಳಿದೆ. ಕಿರಣ ಎಂದಳು ರೇಣುಕಾ. ಅತ್ತೆ ಸುಮ್ಮನಿರಲಿಲ್ಲ. ಅವರ ತೀರಿಹೋದ ಗಂಡ ಬಸಪ್ಪ, ಹಾಗಾಗಿ ಇವನು ಬಸಣ್ಣನೇ, ಕಿರಣ ಗಿರಣ ತನಗೆ ತಿಳಿಯದು ಎಂದರು.

ಮೇಷ್ಟ್ರ ಬಲಗೈ ತಾನಾಗಿ ಕಂಕುಳಿಗೆ ಹೋಯಿತು.

"ಎರಡೂ ಹೆಸರಿಗೆ ತಿರುಗ್ತಾನೇನ್ರಮ್ಮ?"

ಕರೆದು ನೋಡಿ ಎಂದಳು ರೇಣುಕಾ.

ಅವರು ಮಗುವಿನ ಬೆನ್ನ ಹಿಂದೆ ಹೋಗಿ ನಿಂತು ಕಿರಣಾ ಎಂದು ಮೆಲ್ಲಗೆ ಕರೆದರು. ಮಗು ತಿರುಗಿ ನೋಡಿತು. ಮತ್ತೆ ಆ ಪಕ್ಕಕ್ಕೆ ಹೋಗಿ ನಿಂತು, ಅದು ಬೇರೆ ಕಡೆ ನೋಡುವವರೆಗೆ ಕಾದು, ಬಸಣ್ಣಾ ಎಂದರು. ಮಗು ತಿರುಗಿತು, ಈ ಸಲ ನಕ್ಕಿತು. ಮೇಷ್ಟ್ರಿಗೆ ಅಷ್ಟಕ್ಕೂ ಸಾಲಲಿಲ್ಲ. ಇನ್ನೊಂದು ಸುತ್ತು ಕರೆದು ನೋಡಿದರು.

"ಎರಡು ಹೆಸ್ರಿದ್ರೂ ಒಬ್ನೇ" ಎಂದರು ನನ್ನ ಕಡೆ ತಿರುಗಿ. "ಇಲ್ಲಿ ಸರಿ ಐತೆ ಸಿಸ್ಟರ್."

ಕಂಡಕ್ಟರ್ ಸೀಟಿ ಊದಿದ. ಅವರು ಕಂಕುಳಿನಿಂದ ಕೈ ತೆಗೆದು, ಬಸ್ಸಿನ ಬಾಗಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಹತ್ತಿದರು.