ಗಂಡನ ಹೆಸರು ಕೇಳಿದ ಆ್ಯಪ್

ತೆಲುಗು ಸೀಮೆಯ ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ಕಾರು ನಿಲ್ಲಿಸುವ ಜಾಗದ ಹಿಂದೆ, ವಾಚ್‌ಮನ್ನನಿಗೆಂದು ಕೊಟ್ಟ ಒಂದೂವರೆ ಕೋಣೆ ಇದೆ. ಬೆಳಗ್ಗೆ ಆರಕ್ಕೆ ಅಲ್ಲಿಂದ ರೊಟ್ಟಿ ಬಡಿಯುವ ಸದ್ದು ಏಳುತ್ತದೆ. ಬಡಿಯುವವಳು ಸಾಬಮ್ಮ, ಲಿಂಗಸುಗೂರು ಕಡೆಯವಳು. ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವವನು ಅವಳ ಗಂಡ ಹಂಪಯ್ಯ. ನಾನು ವೈಜನಾಥ, ರಾಯಚೂರಿನವನು, ಬೇಗಂಪೇಟೆಯ ಒಂದು ವಿಮಾ ಕಚೇರಿಯಲ್ಲಿ ನೌಕರಿ, ಇದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಮನೆ. ದಿನಕ್ಕೆ ನಾಲ್ಕು ರೊಟ್ಟಿ ತಿನ್ನುವುದನ್ನು ಬಿಟ್ಟರೆ ಈ ಕಥೆಯಲ್ಲಿ ನನ್ನದೇನೂ ಇಲ್ಲ. ಆದರೂ ಬೈಗುಳವೆಲ್ಲ ನನ್ನ ಪಾಲಿಗೇ ಬಂತು.

ಸಾಬಮ್ಮ ಹನ್ನೆರಡು ವರ್ಷದ ಹಿಂದೆ ಇದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತವಳು. ಮಂಡಿ ನೋವು ಶುರುವಾದ ಮೇಲೆ ಗಾರೆ ಕೆಲಸ ಬಿಟ್ಟು ಹೆಂಚು ಇಟ್ಟಳು. ಸುತ್ತಲಿನ ಹಾಸ್ಟೆಲುಗಳಲ್ಲಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಕಚೇರಿಗೆ ಹೋಗುವಾಗ ಬಂದು ಕಟ್ಟಿಸಿಕೊಂಡು ಹೋಗುತ್ತಿದ್ದರು. ಕಟ್ಟಡದ ಒಳಗಿನವರನ್ನು ನಂಬಿಕೊಂಡು ವ್ಯಾಪಾರ ನಡೆಯುವಂತಿರಲಿಲ್ಲ. ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಡಯಟ್‌ನಲ್ಲಿದ್ದರು.

ಹೀಗಿರುವಾಗ ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಗುರುಬಸವನಿಗೆ ಒಂದು ಗೇಟ್ ಆ್ಯಪ್ ಸಿಕ್ಕಿತು. ಮನುಷ್ಯನಿಗೆ ಕೈಯಲ್ಲಿ ಹೊಸ ಆ್ಯಪ್ ಬಂದರೆ ಸುಮ್ಮನಿರಲು ಆಗುವುದಿಲ್ಲ. ಇನ್ನು ಮುಂದೆ ಹೊರಗಿನವರು ಸುಮ್ಮಸುಮ್ಮನೆ ಒಳಗೆ ಬರುವಂತಿಲ್ಲ, ನೋಂದಾಯಿತ ಡೆಲಿವರಿಯವರು ಮಾತ್ರ ಬರಬಹುದು ಎಂದು ನೋಟಿಸು ಹಚ್ಚಿದ. ಗೇಟಿನಲ್ಲಿ ಒಂದು ಫೋನು, ಅದರಲ್ಲಿ ಎರಡು ಗುಂಡಿ. ಹಸಿರು ಒತ್ತಿದರೆ ಒಳಗೆ, ಕೆಂಪು ಒತ್ತಿದರೆ ಹೊರಗೆ. ಒತ್ತುವ ಕೆಲಸ ಹಂಪಯ್ಯನದು. ಹೆಂಡತಿಯ ಗಿರಾಕಿಗಳನ್ನೆಲ್ಲ ಗಂಡನೇ ಒಬ್ಬೊಬ್ಬರಾಗಿ ಕೆಂಪು ಒತ್ತಿ ವಾಪಸ್ಸು ಕಳಿಸತೊಡಗಿದ. ಮನೆಯಲ್ಲಿ ಅವನ ತಟ್ಟೆಗೆ ಸೀದ ರೊಟ್ಟಿ ಬೀಳತೊಡಗಿತು. ಹಿಂದೆಯೂ ಅವನಿಗೆ ಬೀಳುತ್ತಿದ್ದದ್ದು ಹರಿದದ್ದು, ಮುರಿದದ್ದೇ. ಚೆನ್ನಾಗಿದ್ದದ್ದು ಗಿರಾಕಿಗೆ.

“ನೌಕರಿ ಐತಲ್ರಿ ಅಣ್ಣಾರ, ಏನ್ ಮಾಡ್ಲಿ?” ಎಂದು ನನ್ನ ಹತ್ತಿರ ಗೋಳಾಡಿದ ಹಂಪಯ್ಯ.

ಹಿಟ್ಟಿನ ಡಬ್ಬಿ ತುಂಬಿಯೇ ಉಳಿಯಿತು. ಇನ್ನೊಂದು ತಿಂಗಳು ಹೀಗೇ ಆದರೆ ಮತ್ತೆ ಇಟ್ಟಿಗೆ ಹೊರಬೇಕು ಎಂದು ಸಾಬಮ್ಮ ಮಂಡಿ ಒತ್ತಿಕೊಳ್ಳುತ್ತಾ ಹೇಳಿದಾಗ ನಾನು ದಾರಿ ಹುಡುಕತೊಡಗಿದೆ. ಅರ್ಧ ಅವಳ ಮಂಡಿಗಾಗಿ, ಅರ್ಧ ನನ್ನ ರೊಟ್ಟಿಗಾಗಿ. ಸುಳ್ಳು ಯಾಕೆ ಹೇಳಲಿ?

ಮನೆ ಅಡುಗೆಯನ್ನು ಊರಿಗೆಲ್ಲ ತಲುಪಿಸುವ ಒಂದು ಹೊಸ ಸ್ಟಾರ್ಟಪ್ ಇತ್ತು. ಅದರ ಹೆಸರು ನಾನು ಹೇಳುವುದಿಲ್ಲ, ಪುಕ್ಕಟೆ ಜಾಹೀರಾತು ಆಗುತ್ತದೆ. ಅದರಲ್ಲಿ ಸೇರಿಸಿಬಿಟ್ಟರೆ ಡೆಲಿವರಿಯವರೇ ಸೆಲ್ಲಾರಿಗೆ ಬರುತ್ತಾರೆ, ಗುರುಬಸವನ ನೋಟಿಸಿನ ಪ್ರಕಾರವೇ ಹಸಿರು ಗುಂಡಿ. ನಾನೇ ಅರ್ಜಿ ತುಂಬಿದೆ. ಕೊನೆಯದೊಂದೇ ಬಾಕಿ: ವಿಡಿಯೊ ಕರೆಯಲ್ಲಿ ಅಡುಗೆಯವರು ತಮ್ಮ ಹೆಸರು, ಗಂಡನ ಹೆಸರು, ವಿಳಾಸವನ್ನು ತಮ್ಮ ಬಾಯಿಂದಲೇ ಹೇಳಬೇಕು. ಮೂರು ಸಲ ತಪ್ಪಿದರೆ ಆರು ತಿಂಗಳು ಅರ್ಜಿ ಹಾಕುವ ಹಾಗಿಲ್ಲ.

ನಾನೊಬ್ಬ ಮುಠ್ಠಾಳ. ನಮ್ಮ ಕಡೆಯ ಹೆಂಗಸಿಗೆ ಇದು ಎಂಥ ಪರೀಕ್ಷೆ ಎಂದು ಹೊಳೆಯಲೇ ಇಲ್ಲ.

ಸಾಬಮ್ಮ ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ಗಂಡನ ಹೆಸರು ಎತ್ತಿದವಳಲ್ಲ. ಎತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ನಂಬಿಕೆ. ಹಂಪಿಗೆ ಹೋದಾಗಲೂ ಕಂಡಕ್ಟರನಿಗೆ “ವಿರೂಪಾಕ್ಷನ ಊರಿಗೆ ಎರಡು ಟಿಕೇಟ್ ಕೊಡ್ರಿ” ಎಂದವಳು.

ಮೊದಲ ಕರೆ ಬಂತು. ಪರದೆಯ ಮೇಲೆ ಕಂಪನಿಯ ಐಶ್ವರ್ಯಾ, ತೆಲುಗಿನ ಹುಡುಗಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಗುತ್ತಾ ಕೂತಿದ್ದಳು. ಸಾಬಮ್ಮ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದಳು.

“ಭರ್ತ ಪೇರು ಚೆಪ್ಪಂಡಿ ಅಮ್ಮಾ,” ಎಂದಳು ಐಶ್ವರ್ಯಾ. ಗಂಡನ ಹೆಸರು ಹೇಳಿ ಅಂತ.

ಸಾಬಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಗೇಟಿನ ಕಡೆ ಬೊಟ್ಟು ಮಾಡಿದಳು. ಐಶ್ವರ್ಯಾ ಮತ್ತೆ ಕೇಳಿದಳು. ಸಾಬಮ್ಮ ಮತ್ತೆ ಬೊಟ್ಟು ಮಾಡಿದಳು. ಎರಡು ನಿಮಿಷ ಗೇಟನ್ನೇ ತೋರಿಸಿದ್ದಾಯಿತು. ಫೋನಿನಲ್ಲಿ ಕೆಂಪು ಗುರುತು ಬಿತ್ತು.

ಎರಡನೆಯ ಸಲಕ್ಕೆ ನಾನು ತಲೆ ಓಡಿಸಿದೆ. ಜೋಳದ ಚೀಲದ ಹಿಂದೆ ಅಡಗಿ ಕೂತೆ. ಐಶ್ವರ್ಯಾ ಗಂಡನ ಹೆಸರು ಕೇಳಿದ ಕೂಡಲೇ ಸಾಬಮ್ಮ ಬಾಯಿ ಆಡಿಸಬೇಕು, ನಾನು ಹಿಂದಿನಿಂದ ಸಣ್ಣ ದನಿಯಲ್ಲಿ ಹೆಸರು ಹೇಳಬೇಕು. ಸಾಬಮ್ಮ ಬಾಯಿಯನ್ನು ಚೆನ್ನಾಗಿಯೇ ಆಡಿಸಿದಳು. ಆದರೆ ಜೋಳದ ಧೂಳು ಮೂಗಿಗೆ ಹೋಗಿ ನನಗೆ “ಹಂಪ...” ಎನ್ನುವಷ್ಟರಲ್ಲಿ ಗುಂಡು ಹಾರಿದಂಥ ಸೀನು ಬಂತು. ಐಶ್ವರ್ಯಾ ಕುರ್ಚಿಯಲ್ಲಿ ಹಾರಿಬಿದ್ದಳು. ಚೀಲ ಉರುಳಿತು, ನಾನೂ ಉರುಳಿ ಪರದೆಯೊಳಗೆ ಬಂದೆ.

ಎರಡನೆಯ ಕೆಂಪು ಗುರುತು.

“ಓದಿದ ಮಂದಿ ನೀವು! ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಚ್ಲಿ,” ಎಂದು ಸಾಬಮ್ಮ ಚೆಲ್ಲಿದ ಜೋಳ ಬಳಿಯುತ್ತಾ ಬೈದಳು. ನನ್ನ ಹೆಂಡತಿ ಶಿವದೇವಿ ಅವಳಿಗಿಂತ ಹೆಚ್ಚು ಬೈದಳು.

ಸುದ್ದಿ ಗೇಟಿಗೆ ಮುಟ್ಟಿ ಹಂಪಯ್ಯ ಓಡಿಬಂದ. “ಹೇಳಿಬಿಡ ಮಾರಾಯ್ತಿ! ವರ್ಷ ಎರಡ ವರ್ಷ ಕಮ್ಮಿ ಆದ್ರ ಆಗ್ಲಿ ಬಿಡು. ನಾ ಎಂಬತ್ತು ವರ್ಷ ಬದುಕಿ ಏನ್ ಮಾಡಬೇಕೈತಿ?”

“ರೊಟ್ಟಿ ಮಾರಾಕ ನಿಮ್ಮ ಆಯುಷ್ಯ ಕಳೀಲೇನ್ರಿ? ಬ್ಯಾಡ. ಇಟ್ಟಂಗಿ ಹೊರ್ತೀನಿ ನಾ,” ಎಂದಳು ಸಾಬಮ್ಮ. ಅವಳ ಕಣ್ಣಲ್ಲಿ ನೀರು ಬಂದಿತ್ತು. ಹಂಪಯ್ಯ ಗೇಟಿಗೆ ಹೋಗಿ ಯಾರಿಗೋ ಕೆಂಪು ಒತ್ತಿದ.

ಶಿವದೇವಿ ಮಾತ್ರ ಯೋಚನೆ ಮಾಡುತ್ತಿದ್ದಳು. “ಸಾಬಮ್ಮ, ನಿನ್ನ ಮದುವ್ಯಾಗ ಹೊಸ್ತಿಲ ದಾಟುವಾಗ ಹೆಸರು ಹೇಳಿದ್ದಿಲ್ಲೇನು?”

“ಅದು ಒಡಪಿನ್ಯಾಗ ಹೇಳಿದ್ದಲ್ರಿ ಅಕ್ಕಾರ. ಒಡಪು ಕಟ್ಟಿ ಹೇಳಿದ್ರ ದೋಷ ಇಲ್ಲ.”

ನಾನು ಹಣೆ ಬಡಿದುಕೊಂಡೆ. ನಮ್ಮ ಕಡೆ ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎನ್ನುತ್ತಾರೆ. ಮದುಮಗಳು ಎರಡು ಸಾಲಿನ ಪದ್ಯ ಕಟ್ಟಿ ಅದರ ಕೊನೆಗೆ ಹೆಸರು ಸಿಕ್ಕಿಸಿ ಹೇಳುತ್ತಾಳೆ. ಇದು ಗೊತ್ತಿದ್ದೂ ನಾನು ಜೋಳದ ಚೀಲದ ಹಿಂದೆ ಕೂತಿದ್ದೆನಲ್ಲ!

“ಹಂಗಾರ ಈಗ ಹೇಳು,” ಎಂದೆ.

“ಯಾರೂ ಬಾಗಿಲಾ ಕಟ್ಟದ ಒಡಪು ಹೆಂಗ ಬರ್ತೈತ್ರಿ?” ಎಂದು ನನ್ನನ್ನೇ ದಡ್ಡನಂತೆ ನೋಡಿದಳು.

ಶನಿವಾರ ಬೆಳಗ್ಗೆ ಮೂರನೆಯ ಕರೆ. ಪರದೆಯಲ್ಲಿ ಬೇರೆ ಯಾರೂ ಕಾಣಬಾರದೆಂದು ನಿಯಮ. ಆದ್ದರಿಂದ ಫೋನನ್ನು ಕೋಣೆಯ ಒಳಗೆ ಹಿಟ್ಟಿನ ಡಬ್ಬಿಯ ಮೇಲೆ ಬಾಗಿಲಿಗೆ ಮುಖ ಮಾಡಿ ಇಟ್ಟೆವು. ಸಾಬಮ್ಮ ಹೊಸ್ತಿಲಾಚೆ ನಿಂತಳು. ಶಿವದೇವಿ ಮತ್ತು ಪಕ್ಕದ ಕಟ್ಟಡದಲ್ಲಿ ಕಸ ಗುಡಿಸುವ ಶಾರದಾಬಾಯಿ ಫೋನಿನ ಹಿಂದೆ ನಿಂತು ಕೈ ಅಗಲಿಸಿದರು. ನನ್ನನ್ನು ಸೀನು ಬಂದರೂ ಪರದೆಯೊಳಗೆ ಉರುಳಲಾರದಷ್ಟು ದೂರ ಕಳಿಸಿದ್ದರು, ನಾನು ಕಾರಿನ ಸಂದಿಯಿಂದ ನೋಡುತ್ತಿದ್ದೆ.

“ಭರ್ತ ಪೇರು ಚೆಪ್ಪಂಡಿ,” ಎಂದಳು ಐಶ್ವರ್ಯಾ, ಈ ಸಲ ಸ್ವಲ್ಪ ಹೆದರುತ್ತಾ.

“ಹೆಸರು ಹೇಳು, ಒಳಗ ಬಿಡ್ತೀವಿ!” ಎಂದರು ಇಬ್ಬರೂ.

ಸಾಬಮ್ಮನ ಕೈ ಮತ್ತೆ ಗೇಟಿನ ಕಡೆ ಎದ್ದಿತು. ನನ್ನ ರೊಟ್ಟಿ ಹೋಯಿತು ಎಂದುಕೊಂಡೆ. ಆಮೇಲೆ ಅವಳು ಸೆರಗು ಸರಿಮಾಡಿಕೊಂಡು, ನಾಚಿ ನೆಲ ನೋಡಿ, ಇಡೀ ಸೆಲ್ಲಾರು ಮೊಳಗುವಂತೆ ಹೇಳಿದಳು:

“ಎಳ್ಳ ಹಚ್ಚಿದ ರೊಟ್ಟಿ, ಎಣಗಾಯಿ ಪಲ್ಯ,
ಬಂದ ಗಿರಾಕಿನ್ನೆಲ್ಲಾ ಹೊಳ್ಳಿ ಕಳಸ್ತಾರ ನಮ್ಮ ಹಂಪಯ್ಯ!”

ಹೆಂಗಸರು ಕೇಕೆ ಹಾಕಿದರು. ಐಶ್ವರ್ಯಾಳಿಗೆ ಕೊನೆಯ ಪದ ಬಿಟ್ಟು ಏನೂ ತಿಳಿಯಲಿಲ್ಲ, ಬೇಕಾದದ್ದೂ ಅದೊಂದೇ. ಹಸಿರು ಗುರುತು ಬಿತ್ತು. ಗೇಟಿನಲ್ಲಿ ಹಂಪಯ್ಯ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದ. ಅವನ ಕೈ ಯಾವ ಗುಂಡಿ ಒತ್ತಿತ್ತೋ, ಒಬ್ಬ ಸೋಫಾ ರಿಪೇರಿಯವನು ಯಾರ ಅಪ್ಪಣೆಯೂ ಇಲ್ಲದೆ ಒಳಗೆ ಬಂದ.

ಐಶ್ವರ್ಯಾ ಒಪ್ಪಿಗೆ ಕೇಳಿ ಆ ತುಣುಕನ್ನು ಕಂಪನಿಯ ಪುಟದಲ್ಲಿ ರೀಲ್ ಮಾಡಿ ಹಾಕಿದಳು. ವಾರದಲ್ಲಿ ಅದು ಎಲ್ಲರ ಫೋನಿನಲ್ಲಿ. ನಮ್ಮ ಕಟ್ಟಡದ ಹೆಂಗಸರೆಲ್ಲ ತೆಲುಗಿನಲ್ಲಿ, ಹಿಂದಿಯಲ್ಲಿ ಗಂಡಂದಿರ ಹೆಸರು ಸಿಕ್ಕಿಸಿ ಪದ್ಯ ಕಟ್ಟಿ ಹಾಕಿದ್ದೇ ಹಾಕಿದ್ದು. ಗುರುಬಸವನ ಹೆಂಡತಿ ಕಟ್ಟಿದ್ದರಲ್ಲಿ ಅವನ ಹೊಟ್ಟೆಯ ವರ್ಣನೆಯಿತ್ತಂತೆ. ಅವನು ಎರಡು ದಿನ ಲಿಫ್ಟಿನಲ್ಲಿ ಯಾರನ್ನೂ ಮಾತಾಡಿಸಲಿಲ್ಲ. ಸಾಬಮ್ಮನ ಹೆಂಚಿಗೆ ಬಿಡುವಿಲ್ಲದಂತಾಯಿತು, ಹಿಟ್ಟು ಕಲಸಲು ಶಾರದಾಬಾಯಿಯೇ ಬಂದಳು.

ಗೇಟಿನಲ್ಲಿ ಹಂಪಯ್ಯ ಆ ರೀಲನ್ನು ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದ. ಒಮ್ಮೆ ನನ್ನ ಮುಂದೆಯೇ ಹೆಂಡತಿಗೆ, “ಇನ್ನೊಂದ ಸಲ ಹೇಳ ನೋಡೂಣು,” ಎಂದ.

“ಪುರುಸೊತ್ತಿಲ್ಲ. ಏನರ ಬೇಕಾದ್ರ ಆ್ಯಪಿನ್ಯಾಗ ಆರ್ಡರ್ ಹಾಕ್ರಿ,” ಎಂದಳು ಅವಳು, ರೊಟ್ಟಿ ತಿರುವುತ್ತಾ.

ಅವನು ಹಾಕಿಯೇ ಬಿಟ್ಟ. ಕೂತಲ್ಲಿಂದ ಮೂವತ್ತು ಹೆಜ್ಜೆ ದೂರದ ಹೆಂಡತಿಗೆ, ಎರಡು ಎಳ್ಳಿನ ರೊಟ್ಟಿ. ಡೆಲಿವರಿಯವನು ಎಲ್ಲಿಂದಲೋ ಟ್ರಾಫಿಕ್ಕಿನಲ್ಲಿ ಬೆವೆತು ಬಂದ. ಹಂಪಯ್ಯ ಗಂಭೀರವಾಗಿ ಹಸಿರು ಒತ್ತಿ ಒಳಗೆ ಬಿಟ್ಟು, ಕಿವಿ ನಿಮಿರಿಸಿ ಕೂತ. ಪೊಟ್ಟಣ ತೆಗೆದುಕೊಳ್ಳುವಾಗ ಡೆಲಿವರಿಯವನು, ಎಲ್ಲ ಅಂಗಡಿಯಲ್ಲೂ ಕೇಳುವ ಹಾಗೆ, ಸಾಬಮ್ಮನನ್ನೂ ಕೇಳಿದ, ಯಾರ ಹೆಸರಿನ ಆರ್ಡರ್ ಎಂದು.

“ಗೇಟಿನ್ಯಾಗ ಕುಂತಾರಲ್ಲ, ಅವರದು,” ಎಂದಳು ಸಾಬಮ್ಮ.

ಪೊಟ್ಟಣದಲ್ಲಿದ್ದವು ಸೀಯದ, ಹರಿಯದ ಎರಡು ದುಂಡು ರೊಟ್ಟಿ, ಎಳ್ಳು ಒತ್ತೊತ್ತಾಗಿ. ಹಂಪಯ್ಯ ಅವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ಇದ್ದ. ತಿಂದು ಮುಗಿಸಿ ನನ್ನನ್ನು ಕರೆದು ಆ್ಯಪಿನಲ್ಲಿ ಅಭಿಪ್ರಾಯ ಬರೆಸಿದ: “ರೊಟ್ಟಿ ಭಾಳ ಚಲೋ ಐತಿ. ಹೆಸರು ಹೇಳಲಿಲ್ಲ. ಅದಕ್ಕ ಒಂದು ಸ್ಟಾರ್ ಕಟ್.”

ನಾನು ಸೆಲ್ಲಾರಿಗೆ ಹೋಗಿ ಸಾಬಮ್ಮನಿಗೆ ಓದಿ ಹೇಳಿದೆ. ಮಾಲೀಕರು ಉತ್ತರ ಕೊಡಲು ಕೆಳಗೆ ಜಾಗವಿತ್ತು. ಅವಳು ಹಿಟ್ಟಿನ ಕೈ ಝಾಡಿಸಿ, ನಗು ತಡೆದುಕೊಂಡು ಹೇಳಿದ್ದನ್ನು ನಾನು ಹಾಗೆಯೇ ಒತ್ತಿದೆ:

“ಊಟಕ್ಕ ಮನಿಗೆ ಬರ್ತೀರಲ್ಲ, ಬರ್ರಿ. ಅಲ್ಲೇ ನೋಡ್ಕೋತೀನಿ.”