ಓನರ್ ನೋಡಿ ಗಾಡಿ ಕೊಡಿಸಿದವರು

ಅವರ ಬಲಗೈ ಹೆಬ್ಬೆರಳಿನ ಉಗುರು ಎಮ್ಮೆ ಕೊಂಬಿನ ಚೂರಿನ ಹಾಗೆ ದಪ್ಪಗೆ, ಹಳದಿಗೆ ತಿರುಗಿ, ತುದಿಯಲ್ಲಿ ತುಸು ಬಾಗಿತ್ತು. ಉಳಿದ ಒಂಬತ್ತು ಉಗುರುಗಳನ್ನು ಶುಕ್ರವಾರ ಬಂತೆಂದರೆ ನೀಟಾಗಿ ಕತ್ತರಿಸುತ್ತಿದ್ದರು, ಇದೊಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಕಾರಿನ ಬಾಗಿಲು ತೆಗೆದು, ಅಂಚಿಗೆ ಸುತ್ತಿದ ರಬ್ಬರಿನ ಕೆಳಗೆ ಈ ಉಗುರನ್ನು ತೂರಿಸಿ, ಒಂದೇ ಎಳೆತಕ್ಕೆ ರಬ್ಬರು ಬಿಡಿಸಿ ಒಳಗಿನ ತಗಡು ನೋಡುತ್ತಿದ್ದರು. ಸ್ಕ್ರೂಡ್ರೈವರ್ ಹಾಕಿದರೆ ಬಣ್ಣ ಗೀರುತ್ತದಂತೆ. ಮಗಳ ಮದುವೆಯ ದಿನ ಹೆಂಡತಿ ಇವತ್ತಾದರೂ ಅದನ್ನು ತೆಗೆಸಿ ಎಂದು ಗೋಗರೆದರೂ ಅವರು ಜಪ್ಪಯ್ಯ ಅನ್ನಲಿಲ್ಲ. ಹೊಸ ಶೇರ್ವಾನಿ ಹಾಕಿಕೊಂಡು ಅದೇ ಉಗುರಿನ ಕೈಯಲ್ಲಿ ಬೀಗರ ಕೈ ಕುಲುಕಿದರು.

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ಅವರ ಗ್ಯಾರೇಜು. ಊರಿಗೆಲ್ಲ ಅವರು ಗ್ಯಾರೇಜ್ ಸಾಬ್ರು. ನಮ್ಮಪ್ಪನ ಗೂಡ್ಸ್ ಟೆಂಪೊ ರಿಪೇರಿ ಮಾಡುತ್ತಿದ್ದವರೂ ಅವರೇ, ಆಮೇಲೆ ನನ್ನ ಹಳೇ ಪುಟ್ಟ ಕಾರು ನೋಡಿಕೊಂಡವರೂ ಅವರೇ. ನಾನು ಆನವಟ್ಟಿಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ದಿನಾ ಹೋಗಿ ಬರುವವಳು. ಡ್ರೈವಿಂಗ್ ಕಲಿತದ್ದು ಅಪ್ಪನ ಟೆಂಪೊದಲ್ಲಿ. ಮುಚ್ಚುಮರೆ ಯಾಕೆ, ನನಗೆ ಗಾಡಿ ಜೋರಾಗಿ ಓಡಿಸುವ ಹುಚ್ಚು. ಆ ಹುಚ್ಚಿಗೆ ನಲವತ್ತೆರಡನೇ ವಯಸ್ಸಿನಲ್ಲಿ ಒಂದು ಹೆಸರು ಸಿಕ್ಕಿತು, ಹಾಟ್ ಹ್ಯಾಚ್. ನೋಡಲು ಮನೆಮಂದಿಯ ಚಿಕ್ಕ ಕಾರು, ಒಳಗೆ ದೊಡ್ಡ ಗಾಡಿಯ ಎಂಜಿನ್ನು. ಸಾಬ್ರು ಅದಕ್ಕೆ ಕುರಿ ಮೈಗೆ ಕುದುರೆ ಕಾಲು ಅನ್ನುತ್ತಿದ್ದರು.

ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ, ಸೆಕೆಂಡ್ ಹ್ಯಾಂಡೇ ಆಗಬೇಕಿತ್ತು. ಮನೆಯಲ್ಲಿ ಮಾತೆತ್ತಿದ್ದೇ ತಡ, ಅತ್ತೆ "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅಂದರು. ಸ್ಟಾಫ್ ರೂಮಿನಲ್ಲಿ ಒಬ್ಬರು, ಆಟೋಮ್ಯಾಟಿಕ್ ಸ್ಕೂಟರ್ ತಗೊಳ್ಳಿ ಮೇಡಂ, ಹೆಣ್ಮಕ್ಕಳಿಗೆ ಅದೇ ಸೇಫು ಅಂದರು. ಔಷಧಿ ಅಂಗಡಿ ನಡೆಸುವ ನಮ್ಮ ಯಜಮಾನರು ಒಂದು ವಾರ ಯೋಚಿಸಿ ಷರತ್ತು ಹಾಕಿದರು. ಸಾಬ್ರು ಹ್ಞೂಂ ಅಂದರೆ ತಗೋ, ಊಹೂಂ ಅಂದರೆ ಇನ್ನು ಈ ಮಾತು ಈ ಮನೆಯಲ್ಲಿ ಎತ್ತಕೂಡದು. ನಾನು ಒಪ್ಪಿದೆ. ಸಾಬ್ರು ನನ್ನ ಕಡೆಯವರೇ ಎಂಬ ಧೈರ್ಯ ನನಗೆ.

ಸೊರಬದಲ್ಲಿ ಒಂದು ಕೆಂಪು ಗಾಡಿ ಮಾರಾಟಕ್ಕಿದೆ ಎಂದು ಗೊತ್ತಾಯಿತು. ಫೋಟೊ ನೋಡಿದ ದಿನದಿಂದ ನನಗೆ ಊಟ ರುಚಿಸಲಿಲ್ಲ. ಗ್ಯಾರೇಜಿಗೆ ಓಡಿ ಹೋಗಿ, ಈಗಲೇ ಹೊರಡೋಣ ಬನ್ನಿ ಅಂದೆ. ಅವರು ಫೋಟೊ ಕಡೆ ನೋಡಲೂ ಇಲ್ಲ, ಎಷ್ಟು ಕೈ ಬದಲಾಗಿದೆ ಎಂದು ಕೇಳಿದರು. ಮಾರುತ್ತಿರುವವನು ಮೂರನೆಯ ಓನರ್. ಹಾಗಾದರೆ ಮೊದಲು ಹಿಂದಿನ ಇಬ್ಬರನ್ನು ನೋಡಬೇಕು, ಗಾಡಿ ಕೊನೆಗೆ ಅಂದರು. ಅದು ಅವರ ಪದ್ಧತಿ. ಹಳೇ ಗಾಡಿ ನೋಡಿಕೊಡಿ ಎಂದು ಯಾರೇ ಬರಲಿ, ಹಿಂದಿನ ಓನರುಗಳ ಮನೆಗೆಲ್ಲ ಹೋಗಿ, ಚಹಾ ಕುಡಿದು, ಅವರ ಅಭಿಪ್ರಾಯ ಕೇಳಿಯೇ ಬಾನೆಟ್ ಎತ್ತುತ್ತಿದ್ದರು. "ತಗಡು ಸುಳ್ಳು ಹೇಳಲ್ಲ ಅಂತಾರೆ. ಹೇಳ್ತೈತ್ರಿ. ಮನುಷ್ಯ ಹೇಳೋ ಸುಳ್ಳು ಬೇಗ ತಿಳೀತೈತೆ" ಎನ್ನುವುದು ಅವರ ವಾದ.

ಮೊದಲನೆಯ ಓನರ್ ನಮ್ಮೂರಿನವರೇ, ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು. ಗಾಡಿಯನ್ನು ಹೊಗಳಿದ್ದೇ ಹೊಗಳಿದ್ದು. ಮೈಲೇಜು ಬಂಗಾರ, ಸೀಟು ಮೆತ್ತಗೆ, ಒಂದು ದಿನ ತೊಂದರೆ ಕೊಟ್ಟಿಲ್ಲ, ಒಂದು ಗೀರು ಬಿದ್ದಿಲ್ಲ. ನಾನು ಹಿಗ್ಗಿ ಹೀರೇಕಾಯಿಯಾದೆ. ಹೊರಗೆ ಬಂದ ಮೇಲೆ ಸಾಬ್ರು ಅಡ್ಡಡ್ಡ ತಲೆ ಆಡಿಸಿದರು. ಇಂಥ ಗಾಡಿ ಇಟ್ಟುಕೊಂಡವನು ಮೈಲೇಜು ಹೊಗಳಿದರೆ ಅವನು ಓಡಿಸಿಲ್ಲ, ಇಲ್ಲವೇ ಏನೋ ಮಾತು ನುಂಗುತ್ತಿದ್ದಾನೆ ಎಂದರು. ನಮ್ಮ ಕಡೆ ಒಂದು ರೂಢಿ ಇದೆ. ಮಾರಿದ ದನದ ಬಗ್ಗೆ, ಮಾರಿದ ಗಾಡಿಯ ಬಗ್ಗೆ ಆಮೇಲೆ ಕೆಟ್ಟದ್ದು ಆಡಬಾರದು, ಕೊಂಡವರಿಗೆ ಏಳಿಗೆಯಾಗುವುದಿಲ್ಲ ಅಂತ. ಸುಳ್ಳು ಹೇಳುತ್ತಿದ್ದೇವೆ ಎಂದು ಯಾರಿಗೂ ಅನ್ನಿಸುವುದಿಲ್ಲ, ಒಳ್ಳೆಯದು ಬಯಸುತ್ತಿದ್ದೇವೆ ಎಂದೇ ನಂಬಿರುತ್ತಾರೆ. ಹಳೇ ಗಾಡಿ ಕೊಂಡು ಕೈಸುಟ್ಟುಕೊಂಡವರಲ್ಲಿ ಅರ್ಧ ಜನ ಈ ಒಳ್ಳೆಯತನದಿಂದಲೇ ಸುಟ್ಟುಕೊಂಡವರು.

ಎರಡನೆಯವರು ಆನವಟ್ಟಿಯ ಬಟ್ಟೆ ಅಂಗಡಿಯವರು. ಗಾಡಿಯ ಹೆಸರೆತ್ತಿದ ಕೂಡಲೇ ಗಿರಾಕಿಯನ್ನು ಬಿಟ್ಟು ಎದ್ದು ಬಂದರು. ಅಯ್ಯೋ ಆ ಹಾಳಾದ್ದಾ ಅಂತ ಶುರು. ಹಂಪ್ ಕಂಡರೆ ಹೊಟ್ಟೆ ಉಜ್ಜುತ್ತದೆ, ಪೆಟ್ರೋಲು ನೀರು ಕುಡಿದಂತೆ ಕುಡಿಯುತ್ತದೆ, ಟೈರು ಎರಡು ವರ್ಷಕ್ಕೆ ಬೋಳು, ಕುಬಟೂರಿನ ದೇವಸ್ಥಾನಕ್ಕೆ ಅಮ್ಮನನ್ನು ಕರೆದೊಯ್ದರೆ ವಾಪಸು ಬಸ್ಸಿನಲ್ಲೇ ಬರುತ್ತೇನೆಂದು ಹಟ ಹಿಡಿದರು. ಅರ್ಧ ಗಂಟೆ ಬೈದು, ಕೊನೆಗೆ "ಈಗ ಹೆಂಗಿದೆ ಅದು, ಚೆನ್ನಾಗಿ ಇಟ್ಕಂಡಿದಾರಾ?" ಎಂದು ಕೇಳುವಾಗ ಅವರ ದನಿ ಸಣ್ಣಗಾಯಿತು. ಸಾಬ್ರ ಮುಖ ಅರಳಿತು. ಬೈಯುವವನೇ ನಿಜವಾದ ಓನರ್, ಇವರು ಓಡಿಸಿದ್ದಾರೆ ಎಂದು ನನಗೆ ಕಣ್ಣಲ್ಲೇ ಹೇಳಿದರು.

ಅಷ್ಟಕ್ಕೆ ಏಳಲಿಲ್ಲ ಪುಣ್ಯಾತ್ಮ. ಮನೆಯವರನ್ನೂ ಒಂದು ಮಾತು ಕೇಳಬೇಕಿತ್ತು ಅಂದರು. ಸ್ಟೇರಿಂಗ್ ಹಿಡಿದವನಿಗೆ ಮುಂದಿನ ರಸ್ತೆ ಮಾತ್ರ ಕಾಣುತ್ತದೆ, ಪಕ್ಕದಲ್ಲಿ ಕೂತವರಿಗೆ ಗಾಡಿ ಕಾಣುತ್ತದೆ ಎಂಬುದು ಅವರ ಇನ್ನೊಂದು ಸಿದ್ಧಾಂತ. ಅಂಗಡಿಯವರ ಹೆಂಡತಿ ಚಹಾ ತಂದಿಟ್ಟು, ತಾನು ಕೂರುತ್ತಿದ್ದ ಎಡಗಡೆ ಬಾಗಿಲು ಮಾತ್ರ ಜೋರಾಗಿ ಹೋಗುವಾಗ ಸಣ್ಣಗೆ ಸಿಳ್ಳೆ ಹೊಡೆಯುತ್ತಿತ್ತು, ಇವರು ಒಂದು ದಿನವೂ ನಂಬಲಿಲ್ಲ ಎಂದರು. ನಾನು ನಕ್ಕೆ, ಸಾಬ್ರು ನಗಲಿಲ್ಲ.

ಮಾರನೆಯ ಭಾನುವಾರ ಸೊರಬ. ಮೂರನೆಯ ಓನರ್ ಟೈಲ್ಸ್ ಹಾಕಿಸುವ ಕಂಟ್ರಾಕ್ಟರು, ಸಂಭಾವಿತ ಹುಡುಗ. ಮನೆಗೆ ಅವಳಿ ಮಕ್ಕಳು ಬಂದದ್ದರಿಂದ ದೊಡ್ಡ ಗಾಡಿ ಬೇಕಾಗಿತ್ತು. ಅವನೂ ಒಂದಿಷ್ಟು ಬೈದು, ಒಂದಿಷ್ಟು ಹೊಗಳಿ, ಬೇಕಾದರೆ ಓಡಿಸಿ ನೋಡಿ ಅಂತ ಕೀ ಕೊಟ್ಟ. ಚಂದ್ರಗುತ್ತಿ ರಸ್ತೆಯಲ್ಲಿ ಹತ್ತು ಕಿಲೋಮೀಟರು ಹೋಗಿ ಬಂದೆ. ಮೂರನೇ ಗೇರಿನಲ್ಲಿ ಕಾಲು ಒತ್ತಿದಾಗ ಸೀಟು ಬೆನ್ನನ್ನು ಹಿಡಿದು ಮುಂದಕ್ಕೆ ನೂಕಿತಲ್ಲ, ಆ ಸುಖ ನಾನು ಹೇಗೆ ಹೇಳಲಿ? ವಾಪಸು ಬಂದಾಗ ಮನಸ್ಸಿನಲ್ಲಿ ಅದು ಆಗಲೇ ನನ್ನ ಗಾಡಿಯಾಗಿತ್ತು. ಎಂಜಿನ್ನು, ಗೇರು, ಚಾಸಿ ಎಲ್ಲ ನೋಡಿ ಸಾಬ್ರೂ ತಲೆದೂಗಿದ್ದರು.

ಕೊನೆಗೆ ಎಡಗಡೆ ಬಾಗಿಲಿಗೆ ಬಂದರು. ಉಗುರು ತೂರಿಸಿ ರಬ್ಬರು ಎಳೆದರು. ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವಿನ ಕಂಬದ ಮೇಲೆ ಕಂಪನಿಯವರು ಬೆಸೆದ ಗುಂಡನೆಯ ಚುಕ್ಕಿಗಳು ಸಾಲಾಗಿರುತ್ತವೆ. ಚುಕ್ಕಿ ಅಳಿಸಿದ್ದರೆ ಗಾಡಿ ಗುದ್ದಿಸಿಕೊಂಡಿದೆ ಎಂದು ಅರ್ಥ. ಇಲ್ಲಿ ಒಂದೂ ಅಳಿಸಿರಲಿಲ್ಲ. ನನಗೆ ಹೋದ ಜೀವ ಬಂತು. ಸಾಬ್ರು ಮಾತ್ರ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಒಂದು ಚುಕ್ಕಿಗೂ ಇನ್ನೊಂದು ಚುಕ್ಕಿಗೂ ನಡುವೆ ತಮ್ಮ ತೋರುಬೆರಳು ಇಟ್ಟರು. ಸರಿಯಾಗಿ ಕೂತಿತು. ಕೆಳಗಿನದಕ್ಕೆ ಇಟ್ಟರು, ಅಲ್ಲೂ ಕೂತಿತು. ಹಾಗೆ ಕೊನೆಯ ಚುಕ್ಕಿಯವರೆಗೂ ಹೋದರು.

ಈ ಹಿಂದೆ ಇಬ್ಬರು ಮೆಕ್ಯಾನಿಕ್ಕುಗಳು ನೋಡಿ ಹೋಗಿದ್ದಾರೆ, ಆಕ್ಸಿಡೆಂಟೇ ಆಗಿಲ್ಲ ಅಂದರು, ಕಂಪನಿ ಬೆಸುಗೆನೇ ಅಲ್ಲವಾ ಎಂದು ಹುಡುಗ ಕೇಳಿದ. ಸಾಬ್ರು ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅವನಿಗೂ ಖುಷಿ, ನನಗೂ ಖುಷಿ, ಈ ಭೂಮಿಯ ಮೇಲೆ ಇನ್ನೊಬ್ಬರಿಗೆ ಅದು ಗೊತ್ತಾಗುತ್ತಿರಲಿಲ್ಲ.

"ಅಲ್ಲಪ್ಪ" ಎಂದರು ಸಾಬ್ರು. "ಇದು ನನ್ನ ಬೆಸುಗೆ."

ಆಮೇಲೆ ಬಿಡಿಸಿ ಹೇಳಿದರು. ಕೆಲವು ವರ್ಷಗಳ ಹಿಂದೆ ಹೊರ ಊರಿನ ಬ್ರೋಕರನೊಬ್ಬ ನಂಬರ್ ಪ್ಲೇಟಿಲ್ಲದ, ಬಣ್ಣ ಕೆರೆದ ಒಂದು ಬಾಡಿಯನ್ನು ಲಾರಿ ಮೇಲೆ ಹೇರಿಕೊಂಡು ಬಂದಿದ್ದ. ಎಡಗಡೆ ಕಂಬ ಒಳಕ್ಕೆ ಬಾಗಿತ್ತು. ಯಾರಿಂದಲೂ ಆಗಲ್ಲ ಅಂದಿದ್ದಾರೆ ಸಾಬ್ರೆ, ನಿಮ್ಮ ಕೈಲಿ ಆಗುತ್ತಾ ಎಂದು ಕೆಣಕಿದ. ಇವರಿಗೆ ಕೈಚಳಕದ ಹೆಮ್ಮೆ. ಕಂಬ ಎಳೆದು ನೆಟ್ಟಗೆ ಮಾಡಿ, ಕಂಪನಿಯದೇ ಎನ್ನುವ ಹಾಗೆ ಚುಕ್ಕಿಗಳನ್ನೂ ಕೂರಿಸಿಕೊಟ್ಟರು, ಪ್ರತಿ ಚುಕ್ಕಿಗೂ ತಮ್ಮ ತೋರುಬೆರಳಿನಷ್ಟು ಅಂತರದಂತೆ. ಬಣ್ಣ ಬೇರೆ ಕಡೆ ಆಯಿತು. ಅದು ಇದೇ ಕೆಂಪು ಗಾಡಿ ಎಂದು ಇವತ್ತಿನವರೆಗೆ ಅವರಿಗೂ ಗೊತ್ತಿರಲಿಲ್ಲ. ನಮ್ಮೂರಿನ ಮ್ಯಾನೇಜರು ಒಂದು ಗೀರು ಬಿದ್ದಿಲ್ಲ ಎಂದದ್ದು ನೆನಪಾಗಿ ನನ್ನ ಮೈ ಉರಿಯಿತು. ತಮ್ಮ ಅಳಿಯ ಗುದ್ದಿಸಿದ್ದನ್ನೂ ಗಾಡಿಯನ್ನು ಬ್ರೋಕರಿಗೆ ಒಪ್ಪಿಸಿದ್ದನ್ನೂ ಆ ದೊಡ್ಡಮನುಷ್ಯರು ಆಮೇಲೆ ಸಾಬ್ರ ಎದುರು ಒಪ್ಪಿಕೊಂಡರು, ಹೊಸಬರಿಗೆ ಯಾಕೆ ಅಪಶಕುನ ಆಡುವುದು ಅಂತ ಸುಮ್ಮನಿದ್ದೆ ಎಂದರಂತೆ.

ಹುಡುಗನ ಮುಖ ಬಾಡಿತು, ನನ್ನದು ಅವನಿಗಿಂತ ಹೆಚ್ಚು. ಬೆಸುಗೆ ಗಟ್ಟಿ ಇದೆಯಲ್ಲ, ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂದು ನಾನೇ ಆ ಗಾಡಿಯ ಪರ ವಕಾಲತ್ತು ಮಾಡಿದೆ. ಸಾಬ್ರು ಅಲುಗಲಿಲ್ಲ. ಒಮ್ಮೆ ಬಾಗಿದ ಕಂಬ ಇನ್ನೊಂದು ಪೆಟ್ಟು ತಡೆಯುವುದಿಲ್ಲ, ಅದನ್ನು ಎಳೆಯಬಾರದಿತ್ತು, ಕತ್ತರಿಸಿ ಹೊಸದು ಹಾಕಬೇಕಿತ್ತು, ಶೋಕಿಗೆ ಬಿದ್ದು ತಪ್ಪು ಮಾಡಿದೆ ಎಂದು ಆ ಹುಡುಗನ ಎದುರೇ ಹೇಳಿದರು. ಗ್ಯಾರೇಜಿಗೆ ತಂದು ಬಿಡು, ಸರಿಯಾಗಿ ಮಾಡಿಕೊಡುತ್ತೇನೆ, ಮಾರುವಾಗ ಮಾತ್ರ ಕೊಳ್ಳುವವರಿಗೆ ಹೇಳಿಯೇ ಮಾರು ಎಂದರು. ಮಾತಿನಂತೆ ಮಾಡಿಯೂ ಕೊಟ್ಟರು.

ಅವರ ಜೀಪಿನಲ್ಲಿ ವಾಪಸು ಹೊರಟೆವು. ಮನೆಯ ಷರತ್ತಿನ ಪ್ರಕಾರ ನನ್ನ ಆಸೆ ಅಲ್ಲಿಗೆ ಮುಗಿದಿತ್ತು. ಶಿರಾಳಕೊಪ್ಪದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಸಿಟ್ಟು ತಡೆಯಲಾರದೆ, ನೀವೂ ಎಲ್ಲರ ಹಾಗೆ ಹೆಂಗಸಿಗೆ ಯಾಕೆ ಇಂಥ ಗಾಡಿ ಅಂತಲೇ ಅಂದುಕೊಂಡಿದ್ದೀರಿ ಎಂದುಬಿಟ್ಟೆ. ಅವರು ಗ್ಲಾಸು ಕೆಳಗಿಟ್ಟರು.

"ಮೇಡಮ್ಮೋರೇ, ನಿಮ್ಮ ಯಜಮಾನ್ರು ಓಡ್ಸೋದಾಗಿದ್ರೆ ಇದೇ ಗಾಡಿ ತಗೊಳ್ರಿ ಅಂತಿದ್ನೋ ಏನೋ. ಅವ್ರು ಐವತ್ತರ ಸ್ಪೀಡ್ ದಾಟಲ್ಲ. ನಿಮ್ ಹಳೇ ಗಾಡಿ ಬಿಚ್ಚಿದಾಗೆಲ್ಲ ನೋಡೀನಿ, ಕ್ಲಚ್ಚು ಸವೆದಿಲ್ಲ, ಬ್ರೇಕು ಸವೆದಿಲ್ಲ, ಟೈರ್ ಮಾತ್ರ ಸವೆದೈತೆ. ನಿಮಗೆ ಓಡ್ಸಕ್ಕೆ ಬರ್ತೈತೆ. ಓಡ್ಸಕ್ಕೆ ಬರೋರಿಗೆ ಕೆಟ್ಟ ಗಾಡಿ ಕೊಡಬಾರ್ದು."

ಇಪ್ಪತ್ತು ವರ್ಷ ಗಾಡಿ ಓಡಿಸಿದವಳಿಗೆ ನಿನಗೆ ಓಡಿಸಲು ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ, ಅಪ್ಪ ಕೂಡ. ನಾನು ಆ ಚಹಾ ಅಂಗಡಿಯಲ್ಲಿ ನಾಚಿಕೆ ಬಿಟ್ಟು ಅತ್ತೆ.

ಊರು ಮುಟ್ಟಿದ ಮೇಲೆ ಅವರು ಗ್ಯಾರೇಜಿಗೆ ಹೋಗದೆ ನೇರ ನಮ್ಮ ಔಷಧಿ ಅಂಗಡಿಗೆ ಬಂದರು. ಯಜಮಾನರು ಏನಾಯ್ತು ಎಂದು ಕೇಳುವ ಮೊದಲೇ, "ನಾನು ಗಾಡಿಗೆ ಊಹೂಂ ಅಂದೀನಿ, ಮೇಡಮ್ಮೋರಿಗೆ ಅಲ್ಲ" ಎಂದು ಹೇಳಿ ಹೊರಟುಹೋದರು.

ಸೊರಬದ ಸುದ್ದಿ ಬ್ರೋಕರುಗಳ ನಡುವೆ ಬೆಂಕಿಯಂತೆ ಹಬ್ಬಿತು. ತನ್ನ ಕೆಲಸವನ್ನೇ ತಾನು ಬೈದುಕೊಂಡ ಮಿಸ್ತ್ರಿಗೆ ಯಾರು ಗಾಡಿ ಕೊಡುತ್ತಾರೆ ಎಂದು ಆಡಿಕೊಂಡರು. ಬಾಡಿ ಕೆಲಸಕ್ಕೆ ಬರುತ್ತಿದ್ದ ಗಾಡಿಗಳು ಕಡಿಮೆಯಾಗಿ, ಗ್ಯಾರೇಜಿನ ಅರ್ಧ ಅಂಗಳ ಕೆಲವು ತಿಂಗಳು ಖಾಲಿ ಬಿದ್ದಿತ್ತು. ಅವರು ಆ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಅದೇ ಬಿಡುವಿನಲ್ಲಿ ನನಗಾಗಿ ಇನ್ನೊಂದು ಗಾಡಿ ಹುಡುಕಿದರು. ಅದರ ಓನರ್ ಸೊರಬದ ಒಬ್ಬ ಡಾಕ್ಟರಮ್ಮ. ಬೂದು ಬಣ್ಣದ ಗಾಡಿ, ಒಂದೇ ಕೈ. ಆಕೆ ಅದನ್ನು ಬೈದ ಪರಿ ಕೇಳಿ ಸಾಬ್ರು ನನಗೆ ಅಲ್ಲೇ, ಮುಗೀತು, ಇದೇ ನಿಮ್ಮದು ಅಂದರು. ಆದರೂ ನಾಲ್ಕೂ ಬಾಗಿಲಿನ ರಬ್ಬರು ಕಿತ್ತು ನೋಡದೆ ಬಿಡಲಿಲ್ಲ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ, ನಾನು ಶಾಲೆಗೆ ಹೊರಟಿದ್ದಾಗ ಸಾಬ್ರ ಹೆಂಡತಿಯ ಫೋನು ಬಂತು. ಅವರನ್ನು ನಾನು ಅಮ್ಮ ಎಂದೇ ಕರೆಯುವುದು. ಸಾಬ್ರಿಗೆ ಎದೆನೋವು, ಡಾಕ್ಟರು ಕೂಡಲೇ ಶಿವಮೊಗ್ಗಕ್ಕೆ ಒಯ್ಯಿರಿ ಅಂದಿದ್ದಾರೆ, ಆಂಬುಲೆನ್ಸು ಬೇರೊಬ್ಬರನ್ನು ಕರೆದುಕೊಂಡು ಹೋಗಿದೆ. ನಾನು ಹೋದಾಗ ಮನೆ ಬಾಗಿಲಲ್ಲಿ ಸಾಬ್ರ ಅಳಿಯನ ದೊಡ್ಡ ಗಾಡಿ ಸಿದ್ಧವಾಗಿ ನಿಂತಿತ್ತು. ಅದರಲ್ಲಿ ಮಲಗಿಕೊಂಡು ಹೋಗಬಹುದು ಎಂದು ಎಲ್ಲರೂ ಹೇಳುತ್ತಿದ್ದರು. ಸಾಬ್ರು ಬೆವರುತ್ತಾ ಅದರ ಹತ್ತಿರವೂ ಸುಳಿಯದೆ, ಬಂದು ನನ್ನ ಬೂದು ಗಾಡಿಯ ಮುಂದಿನ ಬಾಗಿಲು ಹಿಡಿದುಕೊಂಡರು. "ಮೇಡಮ್ಮೋರು ಓಡಿಸ್ತಾರೆ" ಎಂದರು.

ಆ ದಿನ ನಾನು ಹೇಗೆ ಓಡಿಸಿದೆ ಎಂದು ಜಂಬ ಕೊಚ್ಚಿಕೊಳ್ಳುವುದಿಲ್ಲ. ಚೆನ್ನಾಗಿ ಓಡಿಸಿದೆ, ಅಷ್ಟೆ. ಹಿಂದೆ ಅಮ್ಮ ಕಣ್ಣು ಮುಚ್ಚಿ ದುವಾ ಓದುತ್ತಿದ್ದರು. ಒಂದು ಇಳಿಜಾರಿನಲ್ಲಿ ನಾನು ಬ್ರೇಕಿಗೆ ಕಾಲು ಒಯ್ದಾಗ, ಎದೆ ಹಿಡಿದುಕೊಂಡಿದ್ದ ಮನುಷ್ಯ, ಗೇರ್ ಇಳಿಸ್ರಿ ಗೇರ್ ಎಂದು ಗದರಿದರು. ಆಸ್ಪತ್ರೆಯಲ್ಲಿ ಡಾಕ್ಟರು ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದರು.

ಆಮೇಲೆ ಸಾಬ್ರು ಒಂದೂವರೆ ವರ್ಷ ಇದ್ದರು. ಮೊಮ್ಮಗಳು ನಡೆಯುವುದನ್ನು ನೋಡಿದರು, ದಿನಾ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಎಲ್ಲರ ಕೆಲಸಕ್ಕೂ ಹೆಸರಿಟ್ಟರು. ಒಂದು ಮಧ್ಯಾಹ್ನ ನಮಾಜು ಮುಗಿಸಿ ಬಂದು ಮಲಗಿದವರು ಏಳಲಿಲ್ಲ.

ಮೂರನೆಯ ದಿನ ಹೋದಾಗ ಅಮ್ಮ ನನ್ನ ಎರಡೂ ಕೈ ಹಿಡಿದುಕೊಂಡು, ಆ ಒಂದೂವರೆ ವರ್ಷ ನೀನು ಕೊಟ್ಟದ್ದು ಮಗಳೇ ಎಂದರು. ನಾನು ಅಲ್ಲಮ್ಮಾ ಅಂದೆ. ಅವತ್ತು ಸೊರಬದಲ್ಲಿ ಅವರು ಒಂದು ಸಲ ಹೌದು ಅಂದಿದ್ದರೆ ಸಾಕಿತ್ತು, ನಾನು ಆ ಕೆಂಪು ಗಾಡಿಯಲ್ಲೇ ಓಡಾಡುತ್ತಿದ್ದೆ, ನಾನೇ ಉಳಿಯುತ್ತಿದ್ದೆನೋ ಇಲ್ಲವೋ. ಕಾಪಾಡಿದವರು ಅವರು. ಇದನ್ನು ಅವರಿಗೇ ಹೇಳಬೇಕಿತ್ತು. ದಿನಕ್ಕೆ ಎರಡು ಸಲ ಆ ಗ್ಯಾರೇಜಿನ ಮುಂದೆ ಹಾದುಹೋದವಳು ನಾನು, ಹಾರ್ನ್ ಹೊಡೆದು ಕೈ ಬೀಸಿ ಹೋದೆನೇ ಹೊರತು ಒಂದು ದಿನವೂ ಇಳಿದು ಹೇಳಲಿಲ್ಲ.