ಶುಕ್ರವಾರದ ಪಾರ್ಸಲ್, ಬಿರೂಕಾಕಾನ ಅಂಗೈ

ಬಿರೂಕಾಕಾ ಹಾಡನ್ನು ಅಂಗೈಯಿಂದ ಕೇಳುತ್ತಿದ್ದರು. ಮಿರಜ ಸ್ಟೇಶನ್ ಹತ್ತಿರದ ನನ್ನ ಕ್ಯಾಸೆಟ್ ಅಂಗಡಿಗೆ ಬಂದವರೇ ಸ್ಪೀಕರ್ ಪೆಟ್ಟಿಗೆಯ ಬೆನ್ನಿಗೆ ಕೈ ಒತ್ತಿ, ಕಣ್ಣು ಮುಚ್ಚಿ, "ಹಚ್ಚು ಬಾಳೂ, ನೋಡೂಣು ಗೋರ್ಯಾರು ಏನ ಮಾಡ್ಯಾರ" ಎನ್ನುವರು. ಗೋರ್ಯಾರು ಎಂದರೆ ಬಿಳಿಯರು. ಮೊಳಕೈತನಕ ಬಿಳಿ ಎಲುಬಿನ ಪುಡಿ. ಸಿತಾರ್ ಕಾರ್ಖಾನೆಯಿಂದ ಕೈ ತೊಳೆಯದೆ ಓಡಿ ಬಂದಿರುತ್ತಿದ್ದರು.

ಊರಿಗೆ ಆಗಷ್ಟೇ ಕೇಬಲ್ ಬಂದಿತ್ತು. ಟಿವಿಯಲ್ಲಿ ಕಂಡ ವಿದೇಶಿ ಹಾಡನ್ನು ಸಾಂಗಲಿಯ ಕಾಲೇಜು ಹುಡುಗರು ಮರುದಿನವೇ ನನ್ನಲ್ಲಿ ಕೇಳುತ್ತಿದ್ದರು. ಮಾಲಗಾಂವದಿಂದ ಸೈಕಲ್ ತುಳಿದುಕೊಂಡು ಬಂದು ಅಂಗಡಿ ಕಟ್ಟಿದ ನನಗೆ ಲಾಭ ಗೊತ್ತಿತ್ತು, ರಾಕ್ ಗೊತ್ತಿರಲಿಲ್ಲ. ಪ್ರತಿ ಶುಕ್ರವಾರ ಮುಂಬೈಯಿಂದ ಹೊಸ ಕ್ಯಾಸೆಟ್‌ಗಳ ಒಂದೊಂದು ನಮೂನೆ ಬರುತ್ತಿತ್ತು. ಯಾವುದನ್ನು ಎಷ್ಟು ತರಿಸಬೇಕೆಂಬುದನ್ನು ಕಾಕಾನ ಅಂಗೈ ಹೇಳುತ್ತಿತ್ತು. ತಿಳಿಯದ ವ್ಯಾಪಾರದಲ್ಲಿ ತಿಳಿದವನನ್ನು ಪಕ್ಕಕ್ಕೆ ಕೂಡಿಸಿಕೊಂಡು ಚಹಾ ಕುಡಿಸಿ. ಅದಕ್ಕಿಂತ ಅಗ್ಗದ ಬಂಡವಾಳ ಇಲ್ಲ.

ಅವರ ಅಳತೆಗೋಲು ಸಿತಾರಿನ ಬುರುಡೆ, ಅಂದರೆ ಒಣಗಿಸಿದ ಭೋಪಳಾ, ಕುಂಬಳದ ಜಾತಿಯ ಕಾಯಿ.

"ಇದು ಹಸಿ ಭೋಪಳಾ ಐತೋ. ಮ್ಯಾಲ ಪಾಲಿಶ ಭಾಳ, ಒಳಗ ಬರೇ ನೀರು. ದೀಪಾವಳಿಗೆ ಕೊಳೀತೈತಿ. ನಾಕ ತರಸು, ಸಾಕು."

"ಟಿವಿಯೊಳಗ ಹುಡುಗ್ಯಾರು ಚೆಂದ ಕುಣಿತಾರರಿ ಕಾಕಾ."

"ಕುಣೀಲಿ. ನೀ ಹಾಡ ಮಾರಾಂವೋ, ಕುಣತಾ ಮಾರಾಂವೋ?"

ದೀಪಾವಳಿ ಹೊತ್ತಿಗೆ ಆ ಹಾಡನ್ನು ರಿಕ್ಷಾದವರೂ ಬಿಟ್ಟಿದ್ದರು.

ಇನ್ನೊಂದು ಶುಕ್ರವಾರ ಕುರ್ಚಿಯಿಂದಲೇ ಹಾರಿದ್ದರು. "ಬಾಳೂ, ಈ ಡ್ರಮ್ಮಿನಾಂವನ ಕೇಳು! ನಮ್ಮ ಬೀರೋಬಾನ ಮುಂದ ಡೊಳ್ಳ ಹೊಡದಂಗ ಹೊಡಿತಾನ! ಹಾಡಾಂವಗ ಗಂಟಲ ಇಲ್ಲ, ಆದ್ರ ಸಿಟ್ಟ ಐತಿ. ಹುಡುಗರಿಗೆ ಸಿಟ್ಟ ಬೇಕಪಾ. ಒಣಗಿದ ಭೋಪಳಾ! ಐವತ್ತ ತರಸು!" ಕುರಿ ಕಾಯುವ ಮನೆತನದವರು, ಬೀರೋಬಾ ಅವರ ಮನೆದೇವರು, ಡೊಳ್ಳು ರಕ್ತದಲ್ಲೇ ಇತ್ತು. ಐವತ್ತೂ ಹೋದವು.

ಕಾರ್ಖಾನೆಯ ಯಜಮಾನರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಕಾಕಾನ ಈ ರಾಕ್ ಹುಚ್ಚು ಅವರಿಗೆ ಸೇರುತ್ತಿರಲಿಲ್ಲ. ಸಿತಾರಿನ ತಂತಿ ಹಾಯುವ ಎಲುಬಿನ ಪಟ್ಟಿಯನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿ ಉಜ್ಜಿ ತಂತಿಯಿಂದ ಝೇಂಕಾರ ಬಿಡಿಸುವುದಕ್ಕೆ ಅವರ ಕಸುಬಿನಲ್ಲಿ ಜವಾರಿ ತೆಗೆಯುವುದು ಎನ್ನುತ್ತಾರೆ. ಬಿರೂಕಾಕಾ ಮೂವತ್ತು ವರ್ಷ ಮಾಡಿದ್ದು ಅದೊಂದೇ ಕೆಲಸ. ಚಾಚಾ ಎಚ್ಚರಿಸಿದ್ದರು: "ಬಿರೂ, ಆ ಗದ್ದಲಾ ಕೇಳಿ ಕೇಳಿ ಕಿವಿ ಕಳಕೋತಿ. ಕಿವಿ ಹೋದ ದಿನ ನಿನ್ನ ಅರ ನನ್ನ ಕೈಯಾಗ ಇಡು."

ಅಂಥದರಲ್ಲಿ ಬಂತು, ಕರಿ ಕವರಿನ ಮೇಲೆ ಒಂಟಿ ಕುರ್ಚಿಯ ಚಿತ್ರವಿದ್ದ ಕ್ಯಾಸೆಟ್. ಗಿಟಾರ್ ಶುರುವಾದದ್ದೇ ತಡ, ಕಾಕಾ ಕೂಗಿದರು: "ಜವಾರಿ! ಗೋರ್ಯಾರು ಗಿಟಾರಿಗೆ ಜವಾರಿ ತಗದಾರಲೇ!" ಅಂದು ಸಂಜೆಯೇ ಚಾಚಾ ಮತ್ತು ನಾಲ್ಕು ಕಾರಿಗರನ್ನು ಎಳೆದುಕೊಂಡು ಬಂದರು. "ಕೇಳ್ರಿ ಚಾಚಾ. ಗದ್ದಲಾ ಅಂತೀರಲ್ಲ!"

ಚಾಚಾ ತಲೆ ಬಗ್ಗಿಸಿ ಕೇಳಿದರು. ಆಮೇಲೆ ಸ್ಪೀಕರಿನ ಮುಂದಿನ ಬಟ್ಟೆ ಸರಿಸಿ ಒಳಗಿನ ಕಾಗದದ ಮೇಲೆ ಒಂದು ಬೆರಳಿಟ್ಟರು. ಝೇಂಕಾರ ಅಲ್ಲೇ ಸತ್ತಿತು.

"ಜವಾರಿ ಅಲ್ಲಪಾ ಬಿರೂ. ಕಾಗದ ಹರದೈತಿ."

ಕಾರಿಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ಕಿಸೆಯಿಂದ ಅರ ತೆಗೆದು ಚಾಚಾನ ಕೈಯಲ್ಲಿಟ್ಟರು. ಮರುದಿನದಿಂದ ಅವರಿಗೆ ಬರೀ ಪಾಲಿಶ್ ತಿಕ್ಕುವ ಕೆಲಸ.

ತಪ್ಪು ನನ್ನದು. ಆ ಸ್ಪೀಕರನ್ನು ಹಳೇ ಬಜಾರಿನಲ್ಲಿ ಅರ್ಧ ಬೆಲೆಗೆ ಇಳಿಸಿ ತಂದು ಬೀಗಿದವನು ನಾನೇ. ಅದರ ಹಳೇ ಕಾಗದ ಆ ವಾರವೇ ಹರಿದಿರಬೇಕು. ಚೌಕಾಶಿ ಎಲ್ಲದರಲ್ಲೂ ಮಾಡಿ. ಇನ್ನೊಬ್ಬರ ಮರ್ಯಾದೆ ನಿಂತಿರುವ ವಸ್ತುವಿನಲ್ಲಿ ಬೇಡ. ಕಾಕಾನಿಗೆ ಹಾಗೆಯೇ ಹೇಳಿದೆ. ಅವರು ತಲೆ ಕೊಡವಿದರು.

"ಹರದಿತ್ತು, ಖರೆ. ಆದ್ರ ನಾ ಕೇಳಿದ್ದು ಚೆಂದ ಇತ್ತೋ ಇಲ್ಲೋ? ಗೋರ್ಯಾರು ಮಾಡಿಲ್ಲಂದ್ರ ನಾವ ಮಾಡೂಣು. ಒಂದ ಗಿಟಾರ ತಾ. ಒಂದ ಅರಾನೂ ತಾ."

ಗಿರಾಕಿ ಹುಡುಗನೊಬ್ಬನ ಗಿಟಾರ್ ಕೇಳಿ ತಂದೆ. ಹೊಸ ಅರವನ್ನು ಹೇಳಿದ ಬೆಲೆಗೇ ಕೊಂಡೆ. ಜೀವನದಲ್ಲಿ ಅದೇ ಮೊದಲು. ಹದಿನೈದು ದಿನ ಕಾಕಾ ಪಾಲಿಶ್ ಮುಗಿಸಿ ಬಂದು, ಅಂಗಡಿಯ ಹಿಂದೆ ಕೂತು, ಗಿಟಾರಿಗೆ ಎಲುಬಿನ ಪಟ್ಟಿ ಕೂಡಿಸಿ ಉಜ್ಜಿದರು. ಶುಕ್ರವಾರ ನಾನೇ ಹೋಗಿ ಚಾಚಾನನ್ನು ಕರೆತಂದೆ.

ಗಿಟಾರಿನ ಹುಡುಗ ತಂತಿ ಮೀಟಿದ. ಅಬ್ಬಾ, ಆ ಝೇಂಕಾರ! ಗಾಜಿನ ಕಪಾಟಿನ ಕ್ಯಾಸೆಟ್‌ಗಳೆಲ್ಲ ಜೇನುಗೂಡಾದಂತೆ! ಚಾಚಾ ಸ್ಪೀಕರಿನ ಕಡೆ ನೋಡಿದರು, ಅದು ಬಂದ್ ಆಗಿತ್ತು. ಗಿಟಾರಿನ ಹೊಟ್ಟೆಗೆ ಅಂಗೈ ಒತ್ತಿ ಇನ್ನೊಮ್ಮೆ, ಮತ್ತೊಮ್ಮೆ ನುಡಿಸಲು ಹೇಳಿದರು. ಆಮೇಲೆ ಕಿಸೆಗೆ ಕೈ ಹಾಕಿದರು.

"ಹದಿನೈದ ದಿನದಿಂದ ಈ ಅರ ಕಿಸೇದಾಗ ಚುಚ್ಚಾಕತ್ತೈತಿ. ತಗೋ ಮಾರಾಯಾ."

ನಾನು ಹೊಸ ಸ್ಪೀಕರ್ ತಂದಾಗ ಕಾಕಾ ಹರಿದದ್ದನ್ನು ಕೇಳಿದರು. "ಏನ ಕೊಡ್ತೀರಿ?" ಎಂದೆ, ಅಭ್ಯಾಸಬಲ.

"ನಾ ಇರೂತನಕಾ ಶುಕ್ರವಾರದ ಮಾತು."

ಸೌದಾ ಕುದುರಿತು.

ವರ್ಷಗಳಾದ ಮೇಲೆ ಅವರ ಕಿವಿ ನಿಜಕ್ಕೂ ಹೋಯಿತು. "ಚಾಚಾ ಅಂದದ್ದ ಖರೇ ಆತಲೇ!" ಎಂದು ಓಣಿಗೆಲ್ಲ ಕೇಳುವಂತೆ ನಕ್ಕು, ಅರವನ್ನು ತಾವೇ ಹೋಗಿ ಕಾರ್ಖಾನೆಗೆ ಒಪ್ಪಿಸಿ ಬಂದರು. ಅಂಗಡಿಯಲ್ಲಿ ಸಿಡಿಗಳು ತುಂಬಿದ್ದವು. ಆದರೂ ಕೊನೆಯ ಆ ಶುಕ್ರವಾರ ಹೊಸ ಕ್ಯಾಸೆಟ್ ಒಂದನ್ನು ಹಿಡಿದು ಅವರ ಮನೆಗೆ ಹೋದೆ. ಹರಿದ ಸ್ಪೀಕರಿನ ಬೆನ್ನಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿದರು. ನಾನು ಪೂರ್ತಿ ದನಿ ಏರಿಸಿದೆ. ನೆರೆಮನೆಯವರು ಬೈಯುತ್ತ ಬಾಗಿಲಿಗೆ ಬಂದರು. ಕಾಕಾನ ಮುಖ ಹಬ್ಬದಂತೆ ಅರಳಿತು.

"ಒಣಗಿದ ಭೋಪಳಾ!" ಎಂದು ಕೂಗಿದರು. "ಈಗ ಕ್ಯಾಸೆಟ್ ತಗೊಳ್ಳಾವ್ರು ಕಡಿಮಿ ಆಗ್ಯಾರ. ಹತ್ತ ತರಸು. ಹತ್ತೂ ಹೋಗ್ತಾವ."

ಪಾರ್ಸಲ್ ಬಂದ ಶುಕ್ರವಾರ ಕಾಕಾ ಇರಲಿಲ್ಲ. ಎರಡು ದಿನ ಹಿಂದೆ ತೀರಿಕೊಂಡಿದ್ದರು. ಸಂಜೆಯೊಳಗೆ ಹತ್ತೂ ಕ್ಯಾಸೆಟ್ ಹೋದವು.

ಹನ್ನೊಂದು ತರಿಸಬೇಕಿತ್ತು, ಒಂದು ಕಾಕಾನ ಹೆಸರಿಗೆ.